ಮೂರು ರೈಲು, ಒಂದು ದಿನ: ಲಂಡನ್‌ನಿಂದ ಕಾರ್ಲೈಲ್‌ಗೆ ಹೋಗಿ ಸುತ್ತಿ ಬರುವುದು ಹೇಗೆ

ಇಂಗ್ಲೆಂಡಿನ ಉತ್ತರಕ್ಕೆ ರಿಬಲ್‌ಹೆಡ್ ಎಂಬ ಪುಟ್ಟ ನಿಲ್ದಾಣವಿದೆ. ಒಂದು ಬೇಸಿಗೆಯಲ್ಲಿ ಅಲ್ಲಿ ನನಗೆ ಕನ್ನಡದ ಕುಟುಂಬವೊಂದು ಸಿಕ್ಕಿತು. ತಂದೆ-ತಾಯಿ ಮೈಸೂರಿನಿಂದ ಬಂದವರು, ಮಗ ಇಲ್ಲೇ ಕೆಲಸದಲ್ಲಿರುವವನು. ಎದುರಿಗೆ ಕಾಣುವ ಕಮಾನು ಸೇತುವೆ ನೋಡಲೆಂದು ಇಳಿದಿದ್ದರು. ಅವರ ಕೈಯಲ್ಲಿದ್ದದ್ದು ಅಡ್ವಾನ್ಸ್ ಟಿಕೆಟ್. ಅಂದರೆ ಹೆಸರಿಸಿದ ಆ ಒಂದೇ ರೈಲಿಗೆ ಮಾತ್ರ ನಡೆಯುವ, ನಡುವೆ ಇಳಿಯುವಂತಿಲ್ಲದ ಟಿಕೆಟ್. ಮುಂದಿನ ರೈಲಿಗೆ ಹೊಸ ಟಿಕೆಟ್ ತೆಗೆಯಬೇಕಾಯಿತು. ಸ್ಕಾಟ್‌ಲೆಂಡ್ ಗಡಿಯ ಹತ್ತಿರದ ಊರು ಕಾರ್ಲೈಲ್‌ನಿಂದ ಲಂಡನ್‌ಗೆ ಕಾದಿರಿಸಿದ್ದ ರೈಲು ಹೊರಟುಹೋಗಿತ್ತು, ಅದಕ್ಕೂ ಹೊಸ ಟಿಕೆಟ್. "ಟಿಕೆಟ್ ಇದೆಯಲ್ಲಪ್ಪಾ, ಮಧ್ಯದಲ್ಲಿ ಇಳಿದರೆ ಏನು ತಪ್ಪು?" ಎಂದು ಆ ಹಿರಿಯರು ಕೇಳಿದ್ದು ಇನ್ನೂ ನೆನಪಿದೆ. ಅವರ ಮೊಮ್ಮಗನಿಗೆ ರೈಲೆಂದರೆ ಪ್ರಾಣ. ಆ ಹುಡುಗ ಆ ದಿನ ಹಣದ ಲೆಕ್ಕದ ಮಾತು ಕೇಳುತ್ತಲೇ ಕಳೆದ. ಬೇರೆ ಯಾರಿಗೂ ಹಾಗಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ದಾರಿ

ಬೆಳಿಗ್ಗೆ ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಲೀಡ್ಸ್. ಅಲ್ಲಿಂದ ರಿಬಲ್‌ಹೆಡ್ ಇರುವ, ಬೆಟ್ಟಗಳ ನಡುವಿನ ಸೆಟಲ್–ಕಾರ್ಲೈಲ್ ಮಾರ್ಗವಾಗಿ ಕಾರ್ಲೈಲ್. ಸಂಜೆ ಪಶ್ಚಿಮದ ಹಳಿ ಹಿಡಿದು ಲಂಡನ್ನಿನ ಯೂಸ್ಟನ್. ಒಟ್ಟು ಸುಮಾರು 600 ಮೈಲಿ. ಎಡಿನ್‌ಬರೋ ತನಕ ಹೋಗಿಬರೋಣ ಎಂದು ಆಸೆಪಡುವವರು ಬಹಳ. ಹೋಗಬಹುದು, ಆದರೆ ಆಗ ದಿನವಿಡೀ ವೇಗದ ರೈಲೊಂದೇ ಆಗುತ್ತದೆ. ಈ ಸುತ್ತಿನಲ್ಲಿ ವಿದ್ಯುತ್ ರೈಲು, ಬೆಟ್ಟ ಹತ್ತುವ ಡೀಸೆಲ್ ರೈಲು, ತಿರುವಿನಲ್ಲಿ ವಾಲುವ ರೈಲು ಮೂರೂ ಸಿಗುತ್ತವೆ. ದಿಕ್ಕನ್ನು ತಿರುಗಿಸಬೇಡಿ. ಬೆಟ್ಟದ ದಾರಿ ನಡುಹಗಲಿಗೆ ಬರಬೇಕು. ಡಿಸೆಂಬರ್‌ನಲ್ಲಿ ಅಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು.

ದಿನ

ಶನಿವಾರ. ಭಾನುವಾರ ಬೇಡ. ಹಳಿ ದುರಸ್ತಿ ಹೆಚ್ಚಾಗಿ ಭಾನುವಾರವೇ ನಡೆಯುತ್ತದೆ, ಆಗ ರೈಲಿನ ಬದಲು ಬಸ್ಸಿಗೆ ಹತ್ತಿಸುತ್ತಾರೆ. ಬ್ಯಾಂಕ್ ಹಾಲಿಡೇ (ಸಾರ್ವಜನಿಕ ರಜೆ) ಇರುವ ವಾರಾಂತ್ಯವೂ ಬೇಡ. ವಾರದ ದಿನಗಳಲ್ಲಿ ಬೆಳಗಿನ ದರ ವಿಪರೀತ. ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಮೇ ಮತ್ತು ಡಿಸೆಂಬರ್‌ನಲ್ಲಿ ಬದಲಾಗುತ್ತದೆ. ಆದ್ದರಿಂದ ಗೆಳೆಯರು ಹೋದ ವರ್ಷ ಬರೆದುಕೊಟ್ಟ ಸಮಯವನ್ನು ನಂಬಿ ಹೊರಡಬೇಡಿ.

ಟಿಕೆಟ್: ಎಲ್ಲರೂ ಎಡವುವ ಜಾಗ

ಇದನ್ನು ನಿಧಾನವಾಗಿ ಓದಿ. ಬ್ರಿಟನ್‌ನಲ್ಲಿ 1948ರಿಂದ ರೈಲು ಸರ್ಕಾರದ್ದಾಗಿತ್ತು. 1990ರ ದಶಕದಲ್ಲಿ ಅದನ್ನು ಹಲವು ಕಂಪನಿಗಳಿಗೆ ಹಂಚಿದರು, ಈಗ ಒಂದೊಂದಾಗಿ ಮತ್ತೆ ಸರ್ಕಾರದ ಕೈಗೆ ಬರುತ್ತಿವೆ. ಈ ಸುತ್ತಿನ ಮೂರು ರೈಲುಗಳೂ ಮೂರು ಬೇರೆ ಹೆಸರಿನಲ್ಲಿ ಓಡುತ್ತವೆ: ಎಲ್‌ಎನ್‌ಇಆರ್, ನಾರ್ದರ್ನ್, ಅವಂತಿ ವೆಸ್ಟ್ ಕೋಸ್ಟ್. ಆದರೂ ಯಾವ ರೈಲು ಕಂಪನಿಯ ವೆಬ್‌ಸೈಟಿನಲ್ಲಿ ಬೇಕಾದರೂ ಉಳಿದ ಎಲ್ಲ ಕಂಪನಿಗಳ ಟಿಕೆಟ್ ಸಿಗುತ್ತದೆ, ಹೆಚ್ಚುವರಿ ಶುಲ್ಕ ಇರುವುದಿಲ್ಲ. ಜಾಹೀರಾತು ನೋಡಿ ನಾನು ಹಿಂದೊಮ್ಮೆ ಒಂದು ಆ್ಯಪ್ ಹಾಕಿಕೊಂಡಿದ್ದೆ. ಅದೇ ಟಿಕೆಟ್, ಅದೇ ದರ, ಮೇಲೆ ಬುಕಿಂಗ್ ಶುಲ್ಕ. ಅಂಥದ್ದಕ್ಕೆ ಒಂದು ಪೆನ್ನಿಯನ್ನೂ ಕೊಡಬೇಡಿ.

ಟಿಕೆಟ್‌ಗಳು ಮೂರು ಬಗೆ. ಎನಿಟೈಮ್ ಯಾವ ಹೊತ್ತಿಗಾದರೂ ನಡೆಯುತ್ತದೆ, ದುಬಾರಿ. ಆಫ್-ಪೀಕ್ ದಟ್ಟಣೆಯ ಹೊತ್ತು ಬಿಟ್ಟು ಉಳಿದ ರೈಲುಗಳಿಗೆ. ಅಡ್ವಾನ್ಸ್ ಅಗ್ಗ, ಆದರೆ ಒಂದೇ ರೈಲಿಗೆ ಕಟ್ಟುಬಿದ್ದದ್ದು. ಮೊದಲೆರಡು ಬಗೆಯಲ್ಲಿ ಸಾಮಾನ್ಯವಾಗಿ ನಡುವೆ ಇಳಿದು ಆಮೇಲೆ ಬರುವ ರೈಲಿನಲ್ಲಿ ಮುಂದುವರಿಯಬಹುದು, ಅಡ್ವಾನ್ಸ್‌ನಲ್ಲಿ ಆಗದು. ಅಗ್ಗದ್ದೇ ಜಾಣತನವೆಂದು ಮೂರು ತುಂಡಿಗೂ ಅಡ್ವಾನ್ಸ್ ತೆಗೆಯುವುದೇ ನಮ್ಮವರು ಮಾಡುವ ತಪ್ಪು. ನಾನು ಹೇಳುವುದು ಹೀಗೆ: ಎರಡು ತುದಿ ಬಿಗಿ, ನಡು ಸಡಿಲ. ಲಂಡನ್–ಲೀಡ್ಸ್ ಅಡ್ವಾನ್ಸ್ ತೆಗೆಯಿರಿ. ಬೆಳಿಗ್ಗೆ ನೀವು ಹೇಗೂ ಹೊತ್ತಿಗೆ ಸರಿಯಾಗಿ ನಿಲ್ದಾಣದಲ್ಲಿರುತ್ತೀರಿ. ಕಾರ್ಲೈಲ್–ಲಂಡನ್ ಕೂಡ ಅಡ್ವಾನ್ಸ್ ಇರಲಿ, ಈ ಉದ್ದದ ತುಂಡಿನಲ್ಲೇ ಹಣ ಉಳಿಯುವುದು. ನಡುವಿನ ಲೀಡ್ಸ್–ಕಾರ್ಲೈಲ್ ಮಾತ್ರ ಎನಿಟೈಮ್ ಅಥವಾ ಆಫ್-ಪೀಕ್. ಮೊದಲ ರೈಲು ತಡವಾದರೂ, ಸೇತುವೆ ಕಂಡು ಮನಸ್ಸು ತಡೆಯದೆ ಇಳಿದರೂ ಆ ಟಿಕೆಟ್ ಕೈಬಿಡುವುದಿಲ್ಲ. ಟಿಕೆಟ್ ಮೇಲೆ ಮಾರ್ಗ ಮತ್ತು ಕಂಪನಿ ಎಂಬ ಸಾಲು ಇರುತ್ತದೆ. ಅದನ್ನು ಎರಡು ಸಲ ಓದಿ.

ಅಡ್ವಾನ್ಸ್ ಟಿಕೆಟ್‌ಗಳು ಸುಮಾರು 12 ವಾರ ಮುಂಚೆ ಮಾರಾಟಕ್ಕೆ ಬರುತ್ತವೆ. ಬಂದ ವಾರವೇ ಕೊಂಡುಬಿಡಿ.

ರೈಲ್‌ಕಾರ್ಡ್ ಇದ್ದರೆ ದರದಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ಊರಿನಿಂದ ಬಂದ ಅಪ್ಪ-ಅಮ್ಮನಿಗೆ 60 ತುಂಬಿದ್ದರೆ ಪಾಸ್‌ಪೋರ್ಟ್ ತೋರಿಸಿ ನಿಲ್ದಾಣದ ಕೌಂಟರಿನಲ್ಲೇ ಸೀನಿಯರ್ ರೈಲ್‌ಕಾರ್ಡ್ ಮಾಡಿಸಬಹುದು. ಇಷ್ಟು ದೂರದ ಸುತ್ತಿನಲ್ಲಿ ಕಾರ್ಡಿಗೆ ಕೊಟ್ಟ ಹಣದ ಬಹುಪಾಲು ಒಂದೇ ದಿನದಲ್ಲಿ ಹುಟ್ಟುತ್ತದೆ. ಗಂಡ-ಹೆಂಡತಿ ಸೇರಿ ಮಾಡಿಸುವ ಟು ಟುಗೆದರ್ ಕಾರ್ಡಿನಲ್ಲಿ ಒಂದು ಕೊಕ್ಕೆ ಇದೆ: ವಾರದ ದಿನಗಳಲ್ಲಿ ಬೆಳಿಗ್ಗೆ 9.30ಕ್ಕೆ ಮುಂಚೆ ಅದು ನಡೆಯದು. ಶನಿವಾರವೇ ಹೊರಡಿ ಎಂದು ನಾನು ಒತ್ತಿ ಹೇಳಲು ಇದೂ ಒಂದು ಕಾರಣ.

ಇನ್ನೊಂದು ತಪ್ಪು ನಾನು ಕಣ್ಣಾರೆ ಕಂಡದ್ದು. ಲಂಡನ್ ಮೆಟ್ರೋದಲ್ಲಿ ಬ್ಯಾಂಕ್ ಕಾರ್ಡ್ ತಟ್ಟಿ ಒಳಹೋಗುವ ಅಭ್ಯಾಸದಲ್ಲಿ ಒಬ್ಬ ಯುವಕ ಲೀಡ್ಸ್ ರೈಲು ಹತ್ತಿದ್ದ. ಆ ತಟ್ಟುವ ವ್ಯವಸ್ಥೆ ಲಂಡನ್ ಮತ್ತು ಅದರ ಸುತ್ತಮುತ್ತಲಿಗಷ್ಟೇ, ಲೀಡ್ಸ್‌ವರೆಗೆ ಇಲ್ಲ. ಇಂಗ್ಲೆಂಡಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಪ್ರಯಾಣದ ಪೂರ್ತಿ ದರದ ಮೇಲೆ 100 ಪೌಂಡ್ ದಂಡ ಹಾಕಬಹುದು. 21 ದಿನದೊಳಗೆ ಕಟ್ಟಿದರೆ ಆ 100 ಅರ್ಧವಾಗುತ್ತದೆ. ಫೋನಿನ ಟಿಕೆಟ್ ಇದ್ದು ಚಾರ್ಜ್ ಮುಗಿದಿದ್ದರೆ ಅದೂ ಟಿಕೆಟ್ ಇಲ್ಲದಂತೆಯೇ ಲೆಕ್ಕ. ನನ್ನ ಖಚಿತ ಸಲಹೆ: ಬುಕಿಂಗ್ ಸಂಖ್ಯೆ ಹಾಕಿ ನಿಲ್ದಾಣದ ಯಂತ್ರದಿಂದ ಕಾಗದದ ಟಿಕೆಟ್ ತೆಗೆದುಕೊಳ್ಳಿ. ಕಿತ್ತಳೆ ಅಂಚಿನ ಆ ಚೀಟಿ ದಿನ ಮುಗಿದ ಮೇಲೆ ಮಕ್ಕಳ ಆಲ್ಬಮ್ಮಿಗೂ ಆಗುತ್ತದೆ.

ನಡುವಿನ ಬಿಡುವು

ವೆಬ್‌ಸೈಟು ರೈಲು ಬದಲಿಸಲು ಐದೋ ಹತ್ತೋ ನಿಮಿಷ ಸಾಕೆನ್ನುತ್ತದೆ. ಕಾನೂನಿಗೆ ಸಾಕು, ಮನಸ್ಸಿನ ನೆಮ್ಮದಿಗೆ ಸಾಲದು. ಲೀಡ್ಸ್‌ನಲ್ಲಿ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಕಾರ್ಲೈಲ್‌ನಲ್ಲಿ ಕನಿಷ್ಠ ಎರಡು ಗಂಟೆ, ರಿಬಲ್‌ಹೆಡ್‌ನಲ್ಲಿ ಇಳಿಯುವ ಯೋಚನೆಯಿದ್ದರೆ ನಾಲ್ಕು. ಬೆಟ್ಟದ ದಾರಿಯಲ್ಲಿ ರೈಲುಗಳು ವಿರಳ. ಒಂದು ತಪ್ಪಿದರೆ ಇನ್ನೊಂದಕ್ಕೆ ಎರಡು ಗಂಟೆಯಷ್ಟು ಕಾಯಬೇಕು.

ರೈಲೇ ತಡವಾಗಿ ಮುಂದಿನ ಸಂಪರ್ಕ ತಪ್ಪಿದರೆ, ಬುಕ್ ಮಾಡುವಾಗ ಸಾಕಷ್ಟು ಬಿಡುವು ಇಟ್ಟಿದ್ದರೆ, ಅಡ್ವಾನ್ಸ್ ಟಿಕೆಟ್ಟಿನಲ್ಲೂ ಮುಂದಿನ ರೈಲು ಹತ್ತಬಹುದು. ಹತ್ತುವ ಮೊದಲು ಗಾರ್ಡ್‌ಗೆ ಹೇಳಿ. ನೀವಾಗಿಯೇ ಇಳಿದು ತಪ್ಪಿಸಿಕೊಂಡರೆ ಆ ರಕ್ಷಣೆ ಇಲ್ಲ. ಮೈಸೂರಿನ ಆ ಕುಟುಂಬಕ್ಕೆ ಆದದ್ದು ಇದೇ.

ಕಿಂಗ್ಸ್ ಕ್ರಾಸ್‌ನಿಂದ ಲೀಡ್ಸ್

1852ರ ನಿಲ್ದಾಣ. ಹೊರಡುವ ಹೊತ್ತಿಗೆ ಅರ್ಧ ಗಂಟೆ ಮುಂಚೆ ಬನ್ನಿ, ರೈಲಿನ ಬಾಗಿಲು ಹೊತ್ತಿಗೆ ಮುಂಚೆಯೇ ಮುಚ್ಚುತ್ತದೆ. ಸೀಟಿನ ಮೇಲೆ ಹಸಿರು ದೀಪವಿದ್ದರೆ ಖಾಲಿ, ಕೆಂಪಿದ್ದರೆ ಕಾದಿರಿಸಿದ್ದು. ಪೀಟರ್‌ಬರೋ ದಾಟಿದ ಮೇಲೆ ರೈಲು ಒಂದು ಏರು ಹತ್ತುತ್ತದೆ, ಹೆಸರು ಸ್ಟೋಕ್ ಬ್ಯಾಂಕ್. 1938ರ ಜುಲೈ 3ರಂದು ಇದೇ ಇಳಿಜಾರಿನಲ್ಲಿ, ಎದುರು ದಿಕ್ಕಿನಲ್ಲಿ ಬರುತ್ತಿದ್ದ ಮಲ್ಲಾರ್ಡ್ ಎಂಬ ಉಗಿ ಎಂಜಿನ್ ಗಂಟೆಗೆ 126 ಮೈಲಿ ವೇಗ ಮುಟ್ಟಿತು. ಉಗಿ ಎಂಜಿನ್ನಿನ ಆ ದಾಖಲೆಯನ್ನು ಯಾರೂ ಮುರಿದಿಲ್ಲ. ನೀವು ಕೂತಿರುವ ಇಂದಿನ ಅಜೂಮಾ ರೈಲು ನಿತ್ಯದ ಓಟದಲ್ಲೇ 125 ಮೈಲಿ ಮುಟ್ಟುತ್ತದೆ, ನಿಮ್ಮ ಕಪ್ಪಿನ ಚಹಾ ತುಳುಕುವುದಿಲ್ಲ. ಮಕ್ಕಳಿದ್ದರೆ ಇದನ್ನು ಆ ಜಾಗದಲ್ಲೇ ಹೇಳಿ.

ಲೀಡ್ಸ್‌ನಿಂದ ಕಾರ್ಲೈಲ್

ಇದಕ್ಕಾಗಿಯೇ ಬಂದದ್ದು. ಎರಡು-ಮೂರು ಬೋಗಿಯ ಡೀಸೆಲ್ ರೈಲು, ಸೀಟು ಕಾದಿರಿಸುವಂತಿಲ್ಲ. ಲೀಡ್ಸ್‌ನಲ್ಲಿ ಮುಕ್ಕಾಲು ಗಂಟೆ ಬಿಡಿ ಎಂದದ್ದಕ್ಕೆ ಇನ್ನೊಂದು ಕಾರಣ ಇದು: ಪ್ಲಾಟ್‌ಫಾರಂ ಗೊತ್ತಾದ ಕೂಡಲೇ ಹೋಗಿ ನಿಂತರೆ ಎಡಗಡೆಯ ಕಿಟಕಿ ಸಿಗುತ್ತದೆ. ಎಡಗಡೆಯೇ ಬೇಕು. ಇಂಗಲ್‌ಬರೋ, ವರ್ನ್‌ಸೈಡ್ ಬೆಟ್ಟಗಳೂ ಡೆಂಟ್ ಕಣಿವೆಯೂ ಆ ಕಡೆಗಿವೆ. ಬಲಗಡೆ ಕೂತವರಿಗೆ ಪೆನಿಗೆಂಟ್ ಬೆಟ್ಟ ಸಿಗುತ್ತದೆ. ಅದೂ ಚೆಂದವೇ, ಆದರೆ ನಾನು ಎಡಗಡೆ ಬಿಟ್ಟುಕೊಡುವುದಿಲ್ಲ.

ಲಂಡನ್ನಿನಿಂದ ಸ್ಕಾಟ್‌ಲೆಂಡಿಗೆ ತನ್ನದೇ ಹಳಿ ಬೇಕೆಂದು ಮಿಡ್‌ಲ್ಯಾಂಡ್ ರೈಲ್ವೆ ಈ ದಾರಿ ಕಟ್ಟಿತು. ಎದುರಾಳಿ ಕಂಪನಿಯೊಂದಿಗೆ ರಾಜಿಯಾಗಿ ನಡುವೆ ಕೈಬಿಡಲು ನೋಡಿದಾಗ ಪಾರ್ಲಿಮೆಂಟು ಒಪ್ಪಲಿಲ್ಲ, ಕಟ್ಟಲೇಬೇಕಾಯಿತು. 1876ರ ಮೇ 1ರಂದು ಪ್ರಯಾಣಿಕರ ರೈಲು ಓಡಿತು. ಸೆಟಲ್ ದಾಟಿದ ಮೇಲೆ 15 ಮೈಲಿಯಷ್ಟು ದೂರ ನೂರಕ್ಕೆ ಒಂದರ ಏರು. ಉಗಿ ಎಂಜಿನ್‌ಗೆ ಕಲ್ಲಿದ್ದಲು ಎಸೆದು ಸುಸ್ತಾದವರು ಇದಕ್ಕೆ ಲಾಂಗ್ ಡ್ರ್ಯಾಗ್ ಎಂದು ಹೆಸರಿಟ್ಟರು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಐವತ್ತಕ್ಕೆ ಒಂದರ ಏರು ಕಂಡವರಿಗೆ ಇದು ಸಪ್ಪೆ ಎನಿಸಬಹುದು. ಆದರೆ ಇಲ್ಲಿ ಕಾಡಿಲ್ಲ, ಮರೆಯಿಲ್ಲ. ಗಾಳಿಯೂ ಮಳೆಯೂ ನೇರ ಬಂದು ಬೋಗಿಗೆ ಬಡಿಯುತ್ತವೆ.

ರಿಬಲ್‌ಹೆಡ್ ಸೇತುವೆಗೆ 24 ಕಮಾನು, 104 ಅಡಿ ಎತ್ತರ. ಪ್ರತಿ ಆರನೆಯ ಕಂಬವನ್ನು ಹೆಚ್ಚು ದಪ್ಪ ಕಟ್ಟಿದ್ದಾರೆ. ಒಂದು ಕುಸಿದರೂ ಎಲ್ಲವೂ ಸಾಲಾಗಿ ಉರುಳಬಾರದೆಂಬ ಮುಂದಾಲೋಚನೆ ಅದು. ರೈಲಿನ ಒಳಗೆ ಕೂತರೆ ಈ ಯಾವುದೂ ಸರಿಯಾಗಿ ಕಾಣುವುದಿಲ್ಲ. ನೀವು ನಿಂತಿರುವುದು ಅದರ ಮೇಲೆಯೇ. ಹಾಗಾಗಿ ಮಳೆಯಿಲ್ಲದಿದ್ದರೆ ರಿಬಲ್‌ಹೆಡ್‌ನಲ್ಲಿ ಇಳಿಯಿರಿ, ಹದಿನೈದು ನಿಮಿಷ ನಡೆದು ಕಮಾನಿನ ಬುಡಕ್ಕೆ ಹೋಗಿ, ಮುಂದಿನ ರೈಲು ಮೇಲೆ ಹಾಯುವುದನ್ನು ಕೆಳಗಿನಿಂದ ನೋಡಿ. ಆದರೆ ಆ ರೈಲು ನಿಮ್ಮದೇ ಆಗದಂತೆ ಲೆಕ್ಕ ಹಾಕಿಕೊಳ್ಳಿ. ಎದುರು ದಿಕ್ಕಿನ ರೈಲು ಎಷ್ಟು ಹೊತ್ತಿಗೆ ಬರುತ್ತದೆಂದು ರಿಯಲ್‌ಟೈಮ್ ಟ್ರೇನ್ಸ್ ಎಂಬ ತಾಣದಲ್ಲಿ ಸಿಗುತ್ತದೆ. ಗೂಡ್ಸ್ ರೈಲಿನ ಸಮಯವನ್ನೂ ಅದು ತೋರಿಸುತ್ತದೆ. ಅಲ್ಲಿ ಸಿಗ್ನಲ್ ಸಿಗದೆ ಹೋಗಬಹುದು, ಬೆಳಿಗ್ಗೆಯೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಈ ಸೇತುವೆ ಕಟ್ಟಿದ ಕೂಲಿಗಳು ಇದೇ ಬಯಲಿನ ಗುಡಿಸಲುಗಳಲ್ಲಿ ಹೆಂಡತಿ-ಮಕ್ಕಳೊಂದಿಗೆ ಇದ್ದರು. ಅಪಘಾತದಲ್ಲೂ ಸಿಡುಬಿನಲ್ಲೂ ಸತ್ತವರನ್ನು ಹತ್ತಿರದ ಚಾಪೆಲ್-ಲೆ-ಡೇಲ್ ಚರ್ಚಿನಂಗಳದಲ್ಲಿ ಹೂಳಿದರು, 200ಕ್ಕೂ ಹೆಚ್ಚು ಜನ. ಕಮಾನಿನ ಕೆಳಗೆ ನಿಂತಾಗ ಅವರನ್ನು ನೆನೆಯದೆ ನಾನು ವಾಪಸಾಗಿಲ್ಲ.

ಮುಂದೆ ಬ್ಲೀ ಮೂರ್ ಸುರಂಗ, 2,629 ಗಜ. ಅದರಿಂದ ಹೊರಬಂದ ಕೂಡಲೇ ಎಡಕ್ಕೆ ನೋಡಿ, ಡೆಂಟ್ ಕಣಿವೆ ತೆರೆದುಕೊಳ್ಳುತ್ತದೆ. ಡೆಂಟ್ ನಿಲ್ದಾಣ 1,150 ಅಡಿ ಎತ್ತರದಲ್ಲಿದೆ, ಇಂಗ್ಲೆಂಡಿನ ಮುಖ್ಯ ಮಾರ್ಗಗಳಲ್ಲಿ ಅತಿ ಎತ್ತರದ್ದು. ಗಾರ್ಸ್‌ಡೇಲ್ ನಿಲ್ದಾಣದಲ್ಲಿ ರಸ್ವಾರ್ಪ್ ಎಂಬ ನಾಯಿಯ ಕಂಚಿನ ಪ್ರತಿಮೆ ಇದೆ. 1980ರ ದಶಕದಲ್ಲಿ ಈ ದಾರಿ ಮುಚ್ಚಲು ಹೊರಟಾಗ ಸಾವಿರಾರು ಜನ ಆಕ್ಷೇಪಣೆ ಸಲ್ಲಿಸಿದರು. ಟಿಕೆಟ್ ತೆತ್ತು ಓಡಾಡುತ್ತಿದ್ದ ಪ್ರಯಾಣಿಕ ಎಂಬ ನೆಲೆಯಲ್ಲಿ ಈ ನಾಯಿಯ ಪಂಜದ ಗುರುತನ್ನೂ ಒಪ್ಪಿಕೊಂಡರು. 1989ರಲ್ಲಿ ಸರ್ಕಾರ ಮುಚ್ಚುವ ಯೋಚನೆ ಕೈಬಿಟ್ಟಿತು. ಹಳೆಯ ಕೈಮರಗಳು ಈ ದಾರಿಯಲ್ಲಿ ಇನ್ನೂ ಏರಿಳಿಯುತ್ತವೆ. ಫೋಟೋ ತೆಗೆಯಿರಿ, ಫ್ಲ್ಯಾಶ್ ಬೇಡ, ಹಳದಿ ಗೆರೆ ದಾಟಬೇಡಿ.

ಊಟ ಕಟ್ಟಿಕೊಂಡೇ ಬನ್ನಿ. ಪುಳಿಯೋಗರೆ ಉತ್ತಮ, ತಣ್ಣಗಾದರೂ ರುಚಿ ಕೆಡದು. ನಿಲ್ದಾಣದ ಸ್ಯಾಂಡ್‌ವಿಚ್‌ಗೆ ದುಡ್ಡು ದಂಡ.

ಕಾರ್ಲೈಲ್‌ನಿಂದ ಯೂಸ್ಟನ್

1923ಕ್ಕೆ ಮುಂಚೆ ಏಳು ಕಂಪನಿಗಳ ರೈಲುಗಳು ಕಾರ್ಲೈಲ್ ನಿಲ್ದಾಣದಲ್ಲಿ ಬಂದು ಸೇರುತ್ತಿದ್ದವು. ಬಿಡುವಿನಲ್ಲಿ ಕೋಟೆಯವರೆಗೆ ನಡೆದು ಬನ್ನಿ.

ಇಲ್ಲಿಂದ ಪೆಂಡೊಲಿನೋ, ತಿರುವುಗಳಲ್ಲಿ ಒಳಕ್ಕೆ ವಾಲುವ ರೈಲು. ತಲೆಸುತ್ತು ಬರುವವರು ಓದುತ್ತ ಕೂರಬೇಡಿ, ದೂರ ನೋಡಿ. ಸೀಟು ಆರಿಸುವಾಗ ಎಚ್ಚರ, ಈ ರೈಲಿನ ಕಿಟಕಿಗಳು ಸಣ್ಣವು, ಕೆಲವು ಸೀಟುಗಳ ಪಕ್ಕ ಬರೀ ಗೋಡೆ. ಬುಕ್ ಮಾಡುವಾಗಲೇ ಸೀಟಿನ ನಕ್ಷೆ ನೋಡಿ ಮೇಜಿರುವ ಸೀಟು ಹಿಡಿಯಿರಿ. ಈ ಸಲ ಬಲಗಡೆ. 916 ಅಡಿ ಎತ್ತರದ ಶಾಪ್ ದಿಣ್ಣೆ ದಾಟಿ, ಲೂನ್ ನದಿಯ ಕಣಿವೆ ಕಳೆದು, ಲಂಕಾಸ್ಟರ್‌ಗೆ ಸ್ವಲ್ಪ ಮುಂಚೆ ಮೋರ್‌ಕಾಂಬ್ ಕೊಲ್ಲಿ ಕಾಣುತ್ತದೆ. ಲಂಡನ್–ಗ್ಲಾಸ್ಗೋ ದಾರಿಯಲ್ಲಿ ಸಮುದ್ರ ಇಷ್ಟು ಹತ್ತಿರ ಬರುವುದು ಅಲ್ಲೊಂದೇ ಕಡೆ, ಅದೂ ಕ್ಷಣಹೊತ್ತು. ಆಮೇಲೆ ನಿದ್ದೆ ಮಾಡಿದರೂ ನಷ್ಟವಿಲ್ಲ.

ಯೂಸ್ಟನ್‌ನಲ್ಲಿ ಇಳಿದ ಮೇಲೆ ಕಾಗದದ ಟಿಕೆಟ್ ಗೇಟಿನ ಯಂತ್ರ ನುಂಗಿಬಿಡಬಹುದು. ಯಾವುದೇ ರೈಲು ತಡವಾಗಿದ್ದರೆ ಗೇಟಿಗೆ ಹಾಕುವ ಮೊದಲು ಅದರ ಫೋಟೋ ತೆಗೆದಿಟ್ಟುಕೊಳ್ಳಿ, ಅಥವಾ ಬದಿಯ ಸಿಬ್ಬಂದಿಗೆ ತೋರಿಸಿ ಟಿಕೆಟ್ ಕೈಯಲ್ಲೇ ಇಟ್ಟುಕೊಂಡು ಹೊರಬನ್ನಿ. ಬಹಳ ಕಂಪನಿಗಳು 15 ನಿಮಿಷದ ತಡಕ್ಕೇ ದರದ ಒಂದು ಪಾಲು ವಾಪಸು ಕೊಡುತ್ತವೆ. ಅರ್ಜಿ ಹಾಕಲು 28 ದಿನ ಅವಕಾಶವಿದೆ, ತಡ ಮಾಡಿದ ಕಂಪನಿಯ ವೆಬ್‌ಸೈಟಿನಲ್ಲೇ ಹಾಕಬೇಕು.