ಬೆತ್ತದ ಮನುಷ್ಯನಿಗೆ ಎರಡು ಮಹಜರು

ಕಾನ್‌ಸ್ಟೇಬಲ್ ಆಗಿ ಇಲಾಖೆಗೆ ಸೇರಿ ಎಎಸ್‌ಐ ಆಗಿ ಮನೆಗೆ ಬಂದವನು ನಾನು. ಈಗ ಯಾದಗಿರಿಯಲ್ಲಿ ಸಣ್ಣದೊಂದು ಮನೆ, ಮೇಲೆ ಮಾಳಿಗೆ, ಬೇಕಾದಷ್ಟು ಪುರುಸೊತ್ತು. ತಮ್ಮನ ಮಗ ಬೆಂಗಳೂರಿನಲ್ಲಿದ್ದಾನೆ. ಅವನಿಗೆ ಸಿನಿಮಾ ಹುಚ್ಚು. ದೀಪಾವಳಿಗೆ ಬಂದಾಗ ಎರಡು ಡಿಸ್ಕ್ ತಂದಿದ್ದ.

"ಕಾಕಾ, ಎರಡೂ ಒಂದೇ ಕಥಿ ಅದಾವ. ಎರಡರಾಗೂ ಪೊಲೀಸಂವನೇ ಮುಖ್ಯ. ಯಾವ ಪೊಲೀಸ ಖರೇ ಅನಿಸ್ತಾನ, ನೋಡಿ ಹೇಳ್ರಿ" ಅಂದ.

ಎರಡರ ಹೆಸರೂ 'ದಿ ವಿಕರ್ ಮ್ಯಾನ್'. ಒಂದು 1973ರ ಬ್ರಿಟಿಷ್ ಸಿನಿಮಾ, ರಾಬಿನ್ ಹಾರ್ಡಿ ಮಾಡಿದ್ದು. ಇನ್ನೊಂದು 2006ರ ಅಮೆರಿಕದ ರಿಮೇಕ್, ನೀಲ್ ಲಬ್ಯೂಟ್ ಮಾಡಿದ್ದು, ನಿಕೋಲಸ್ ಕೇಜ್ ಹೀರೋ. ವಿಕರ್ ಅಂದರೆ ಬುಟ್ಟಿಯ ಹಾಗೆ ಬೆತ್ತ, ಕಡ್ಡಿ ಹೆಣೆದದ್ದು. ಹಾಗೆ ಹೆಣೆದ ದೊಡ್ಡ ಮನುಷ್ಯನ ಗೊಂಬೆ, ಒಳಗೆ ಒಬ್ಬ ಆಳು ಹಿಡಿಸುವಷ್ಟು ದೊಡ್ಡದು. ಕೊನೆ ಗೊತ್ತಾಗಬಾರದು ಅನ್ನುವವರು ಇಲ್ಲೇ ನಿಲ್ಲಿಸಿಬಿಡಿ. ಕೊನೆ ಮುಚ್ಚಿಟ್ಟು ಇವೆರಡನ್ನು ಹೋಲಿಸೋಕೆ ನನಗೆ ಬರಲ್ಲ.

ಮೊದಲೇ ಒಂದು ತಪ್ಪು ಮಾಡಿದೆ. ಹೊಸದು ಚೆನ್ನಾಗಿ ಕಾಣುತ್ತೆ ಅಂತ 2006ರದ್ದನ್ನು ಮೊದಲು ಹಾಕಿಸಿದೆ. ಅದರಲ್ಲಿ ಹತ್ತು ನಿಮಿಷಕ್ಕೊಮ್ಮೆ ಏನೋ ಒಂದು ಧಡ್ ಅಂತ ಬೆಚ್ಚಿಬೀಳಿಸುತ್ತೆ. ಮರುದಿನ ಹಳೆಯದನ್ನು ನೋಡುವಾಗಲೂ ಅದೇ ಧಡ್‌ಗೆ ಕಾಯುತ್ತಾ ಕುಳಿತೆ. ಅದು ಬರಲೇ ಇಲ್ಲ. ಬರೀ ಹಾಡು, ಕುಣಿತ, ನಗುಮುಖದ ಜನ. ಅರ್ಧಕ್ಕೇ ನಿದ್ದೆ ಬಂತು. ಒಂದು ವಾರ ಬಿಟ್ಟು ಮತ್ತೆ ಮೊದಲಿನಿಂದ ನೋಡಬೇಕಾಯಿತು. ನೀವು ನೋಡುವುದಾದರೆ ಹಳೆಯದನ್ನೇ ಮೊದಲು ನೋಡಿ.

ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಹಳೆಯದರಲ್ಲಿ ಒಂದಕ್ಕಿಂತ ಜಾಸ್ತಿ ಕಾಪಿಗಳಿವೆ. ಆಗ ಥಿಯೇಟರಿಗೆ ಬಿಟ್ಟದ್ದು ಒಂದೂವರೆ ಗಂಟೆಗೂ ಕಡಿಮೆ. ಇನ್ನೊಂದು ಸಿನಿಮಾದ ಜೊತೆ ಸೇರಿಸಿ ಬಿಡೋದಕ್ಕೆ ಕತ್ತರಿಸಿದ್ದರಂತೆ. ಕಥೆಯ ಪೊಲೀಸ್ ಸಾರ್ಜೆಂಟ್ ಹೋವಿ, ಕಾಣೆಯಾದ ಹುಡುಗಿಯನ್ನು ಹುಡುಕಿ ಒಂದು ದ್ವೀಪಕ್ಕೆ ಹೋಗುವವನು. ಉದ್ದದ ಕಾಪಿಯಲ್ಲಿ ಅದಕ್ಕೂ ಮೊದಲು ಅವನ ಠಾಣೆಯ ದೃಶ್ಯ ಇದೆ. ಜೊತೆಯವರು ಅವನ ಬೆನ್ನ ಹಿಂದೆ ನಗುತ್ತಾರೆ. ಜಾಸ್ತಿ ದೇವರು ದಿಂಡರು ಅನ್ನುವವನು, ಮದುವೆಗೆ ಮುಂಚೆ ಹೆಣ್ಣನ್ನು ಮುಟ್ಟದವನು ಅಂತ. ಅಂಥವನೊಬ್ಬ ಪ್ರತಿ ಠಾಣೆಯಲ್ಲೂ ಇರ್ತಾನೆ ಬಿಡಿ. ಅದನ್ನು ನೋಡಿದ ಮೇಲೆ ಮನುಷ್ಯ ನನಗೆ ಪರಿಚಯದವನಾದ.

ಸಿನಿಮಾ ಹೋಲಿಸೋದು ಹೇಗೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮಹಜರು ಬರೆಯೋದು. ಹಳೆಯ ನೋಟ್‌ಬುಕ್ ತೆಗೆದೆ. ಎಡಪುಟಕ್ಕೆ 1973, ಬಲಪುಟಕ್ಕೆ 2006. ಫಿರ್ಯಾದಿ ಯಾರು, ದೂರು ಏನು, ಹದ್ದು ಯಾವ ಠಾಣೆಯದು, ಸ್ಥಳದಲ್ಲಿ ಕಂಡದ್ದೇನು. ಮಹಜರಿನಲ್ಲಿ ನಮ್ಮ ಅಭಿಪ್ರಾಯಕ್ಕೆ ಜಾಗ ಇಲ್ಲ, ಕಣ್ಣಿಗೆ ಕಂಡದ್ದಷ್ಟೇ. ಸಿನಿಮಾಕ್ಕೂ ಅದೇ ಒಳ್ಳೇದಾಯಿತು. 'ಭಯ ಆಯಿತು' ಅಂತ ಬರೆದರೆ ಏನೂ ತಿಳಿಯಲ್ಲ. 'ಬಂದರಿನಲ್ಲಿ ಹುಡುಗಿಯ ಫೋಟೋ ಕೈಯಿಂದ ಕೈಗೆ ದಾಟಿತು, ಎಲ್ಲರೂ ಇಲ್ಲ ಅಂದರು, ಎಲ್ಲರೂ ನಗುತ್ತಿದ್ದರು' ಅಂತ ಬರೆದರೆ ಭಯ ಎಲ್ಲಿಂದ ಬಂತು ಅಂತ ಸಿಗುತ್ತೆ.

ದೂರು ಎರಡರಲ್ಲೂ ಮಿಸ್ಸಿಂಗ್ ಕೇಸ್. ರೋವನ್ ಅನ್ನುವ ಹುಡುಗಿ ಕಾಣೆಯಾಗಿದ್ದಾಳೆ ಅಂತ ಪತ್ರ. ಹೋವಿಗೆ ಬಂದದ್ದು ಹೆಸರಿಲ್ಲದ ಪತ್ರ, ಜೊತೆಗೆ ಫೋಟೋ. ದ್ವೀಪ ಸ್ಕಾಟ್ಲೆಂಡಿನದು, ಅವನ ಹದ್ದಿನಲ್ಲೇ ಬರುತ್ತೆ. ಯೂನಿಫಾರ್ಮ್ ಹಾಕಿಕೊಂಡು ನೀರಿನ ಮೇಲೆ ಇಳಿಯುವ ವಿಮಾನದಲ್ಲಿ ಒಬ್ಬನೇ ಹೋಗುತ್ತಾನೆ. ಬಂದರಿನ ಮುದುಕರು ದೋಣಿ ಕಳಿಸಲ್ಲ. ಇದು ಖಾಸಗಿ ಜಾಗ, ಲಾರ್ಡ್ ಸಾಹೇಬರ ಅಪ್ಪಣೆ ಬೇಕು ಅಂತಾರೆ. ನನ್ನ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ ಅನ್ನುತ್ತಾನೆ ಇವನು. ನಾನು ಕುಳಿತಲ್ಲೇ ತಲೆಯಾಡಿಸಿದೆ.

ರಿಮೇಕ್‌ನ ಎಡ್ವರ್ಡ್ ಮಾಲಸ್ ಕ್ಯಾಲಿಫೋರ್ನಿಯಾದಲ್ಲಿ ಬೈಕ್ ಮೇಲೆ ತಿರುಗುವ ಹೆದ್ದಾರಿ ಪೊಲೀಸ್. ದ್ವೀಪ ಇರೋದು ವಾಷಿಂಗ್ಟನ್ ರಾಜ್ಯದ ಕಡಲಲ್ಲಿ. ಬೀದರಿನವನು ನಾಸಿಕಕ್ಕೆ ಹೋಗಿ ವಿಚಾರಣೆ ಮಾಡಿದ ಹಾಗೆ. ಪತ್ರ ಬಂದದ್ದು ಹಿಂದೆ ಮದುವೆ ನಿಶ್ಚಯ ಆಗಿದ್ದ ಹೆಣ್ಣಿನಿಂದ, ಕಾಣೆಯಾದವಳು ಅವಳ ಮಗಳು. ಆಮೇಲೆ ನೋಡಿದರೆ ಇವನದೇ ಮಗಳು. ಮೊದಲ ದೃಶ್ಯದಲ್ಲಿ ಹೆದ್ದಾರಿಯ ಅಪಘಾತ ಒಂದಿದೆ, ಕಾರಿನೊಳಗೆ ತಾಯಿ ಮಗಳು, ಬೆಂಕಿ. ಅದನ್ನು ನಿಜಕ್ಕೂ ಚೆನ್ನಾಗಿ ತೆಗೆದಿದ್ದಾರೆ. ಆದರೆ ಅಲ್ಲಿಂದ ಮುಂದೆ ಅವನಿಗೆ ಮಾತ್ರೆ, ಕೆಟ್ಟ ಕನಸು, ಜೇನು ಕಚ್ಚಿದರೆ ಅಲರ್ಜಿ, ಎಲ್ಲವನ್ನೂ ಹೇರಿಬಿಟ್ಟಿದ್ದಾರೆ. ಕೈಯಲ್ಲಿ ಪಿಸ್ತೂಲು ಬೇರೆ. ಹೋವಿ ಕೈಯಲ್ಲಿ ಏನೂ ಇಲ್ಲ. ಕಾನೂನು ಅನ್ನುವ ಒಂದು ಮಾತು, ಯೇಸುವಿನ ಮೇಲೆ ನಂಬಿಕೆ, ಅಷ್ಟೇ.

ಇಲ್ಲಿ ನನ್ನದೊಂದು ಕಥೆ ಹೇಳಬೇಕು.

ಯಾದಗಿರಿ ಗುಲ್ಬರ್ಗಾ ಜಿಲ್ಲೆಯಲ್ಲಿದ್ದಾಗಲೂ, 2009ರ ಕೊನೆಗೆ ಬೇರೆ ಜಿಲ್ಲೆ ಆದ ಮೇಲೂ, ಸಂಕ್ರಾಂತಿ ಬಂತು ಅಂದರೆ ನಮಗೆ ಮೈಲಾಪುರ ಬಂದೋಬಸ್ತ್. ಗುಡ್ಡದ ಮೇಲೆ ಮಲ್ಲಯ್ಯನ ಗುಡಿ. ತೆಲಂಗಾಣ, ಆಂಧ್ರ, ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ಗಾಳಿಯೆಲ್ಲ ಭಂಡಾರದಿಂದ ಹಳದಿ ಆಗುತ್ತೆ. ಏಳುಕೋಟಿ ಅನ್ನುವ ಕೂಗು ಎದೆಯೊಳಗೆ ಬಡಿಯುತ್ತೆ. ದೇವರ ಪಲ್ಲಕ್ಕಿ ಬರುವಾಗ ಹರಕೆ ಹೊತ್ತವರು ಕುರಿಮರಿಗಳನ್ನು ಅದರ ಮೇಲೆ ಎಸೆಯುತ್ತಿದ್ದರು. ಹಿಂಡು ಚೆನ್ನಾಗಿರಲಿ ಅಂತ. ಕಾಲ್ತುಳಿತಕ್ಕೆ ಸಿಕ್ಕಿ ಮರಿಗಳು ಸಾಯುತ್ತವೆ ಅಂತ ಜಿಲ್ಲಾಡಳಿತ ಅದನ್ನು ನಿಷೇಧ ಮಾಡಿತು. ದಾರಿಯಲ್ಲಿ ಚೆಕ್‌ಪೋಸ್ಟ್ ಹಾಕಿ ಮರಿಗಳನ್ನು ಹಿಡಿಯೋದು ನಮ್ಮ ಕೆಲಸ.

ಒಂದು ವರ್ಷ ಒಬ್ಬ ಅಜ್ಜಿ ಬಂದಳು. ಕಂಬಳಿ ಹೊದ್ದಿದ್ದಳು. ಕಂಬಳಿ ಒಳಗೆ ಏನೋ ಮಿಸುಕಾಡುತ್ತಿತ್ತು. "ಅದೇನವಾ?" ಅಂದೆ. ಮುಚ್ಚಿಡಲಿಲ್ಲ ಅವಳು. ಕಂಬಳಿ ಸರಿಸಿ ತೋರಿಸಿದಳು. ಕರಿಮರಿ, ಹಣೆ ಮೇಲೆ ಬಿಳಿ ಚುಕ್ಕೆ.

"ಸಾಹೇಬ, ಇದು ಮಲ್ಲಯ್ಯಂದು. ನಂದೂ ಅಲ್ಲ, ನಿಂದೂ ಅಲ್ಲ" ಅಂದಳು. ಸಿಟ್ಟಿಲ್ಲ, ಅಂಜಿಕೆ ಇಲ್ಲ. ಗಂಟು ಬಿಚ್ಚಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತೆಗೆದು ನನ್ನ ಕೈಗಿಟ್ಟಳು. "ಮುಂಜಾನಿಂದ ಉಂಡಿಲ್ಲ ಕಾಣ್ತದ. ತಿನ್ನು."

ಮರಿ ತಗೊಂಡೆ, ರೊಟ್ಟಿನೂ ತಿಂದೆ. ಅವಳು ನಗುತ್ತಲೇ ಗುಡ್ಡದ ಕಡೆ ಹೋದಳು. ಸುತ್ತ ಸಾವಿರ ಜನ, ಎಲ್ಲರೂ ಸಂತೋಷವಾಗಿದ್ದಾರೆ. ನಾನೊಬ್ಬನೇ ಖಾಕಿ ಹಾಕಿಕೊಂಡು ಕೈಯಲ್ಲಿ ಮರಿ ಹಿಡಿದು ನಿಂತಿದ್ದೇನೆ. ಕಾನೂನು ನನ್ನ ಕಡೆ ಇತ್ತು. ಉಳಿದದ್ದೆಲ್ಲ ಅವಳ ಕಡೆ ಇತ್ತು. ನಮ್ಮ ಅವ್ವನೂ ಇದೇ ದೇವರಿಗೆ ಮರಿ ಹರಕೆ ಹೊತ್ತಿದ್ದವಳು, ಅದನ್ನೂ ಹೇಳಿಬಿಡ್ತೇನೆ.

ಹಳೆಯ ಸಿನಿಮಾದ ಹೋವಿ ಮುಖದಲ್ಲಿ ನಾನು ಆ ಚೆಕ್‌ಪೋಸ್ಟ್ ಕಂಡೆ. ದ್ವೀಪದವರು ಅವನನ್ನು ಬೈಯಲ್ಲ, ತಳ್ಳಲ್ಲ. ಹಾಡುತ್ತಾರೆ, ಊಟ ಹಾಕುತ್ತಾರೆ, ಉತ್ತರ ಕೊಡುತ್ತಾರೆ. ಉತ್ತರಗಳೆಲ್ಲ ಅವರ ಲೆಕ್ಕದಲ್ಲಿ ಸರಿಯಾಗೇ ಇವೆ. ಪಾಲ್ ಜಿಯೊವಾನಿ ಕಟ್ಟಿಕೊಟ್ಟ ಹಾಡುಗಳು ಸಿನಿಮಾದ ತುಂಬಾ ಇವೆ. ನಮ್ಮ ಕಡೆ ಭಜನಿಗೆ ಕೂತ ಹಾಗೆ ಜನ ಹಾಡುತ್ತಾರೆ, ಹೊರಗಿನವನಿಗೆ ಸೇರಿಕೊಳ್ಳಲು ಬರಲ್ಲ. ರಿಮೇಕ್‌ನಲ್ಲಿ ಆ ಹಾಡುಗಳನ್ನೇ ತೆಗೆದುಹಾಕಿದ್ದಾರೆ. ಹಿನ್ನೆಲೆ ಸಂಗೀತವಷ್ಟೇ ಇದೆ, ಈಗ ಹೆದರಿ ಅಂತ ನಮಗೇ ಹೇಳುತ್ತೆ. ಅಲ್ಲಿಯ ಹೆಂಗಸರು ಅವನನ್ನು ಕಂಡ ಕ್ಷಣದಿಂದ ದುರುಗುಟ್ಟಿ ನೋಡುತ್ತಾರೆ. ಮೊದಲ ದಿನವೇ ಇವರು ಕೆಟ್ಟವರು ಅಂತ ಗೊತ್ತಾದ ಮೇಲೆ ತನಿಖೆ ಯಾಕೆ?

ಎರಡು ಸಿನಿಮಾದ ಶಾಲೆಯ ದೃಶ್ಯಕ್ಕೆ ನೋಟ್‌ಬುಕ್ಕಿನಲ್ಲಿ ಒಂದು ಪೂರ್ತಿ ಪುಟ ಕೊಟ್ಟಿದ್ದೇನೆ. 1973ರಲ್ಲಿ ಹೋವಿ ಖಾಲಿ ಡೆಸ್ಕಿನ ಮುಚ್ಚಳ ಎತ್ತುತ್ತಾನೆ. ಒಳಗೆ ಒಂದು ಮೊಳೆ, ಮೊಳೆಗೆ ದಾರ, ದಾರದ ತುದಿಗೆ ಜೀರುಂಡೆ. ಅದು ಒಂದೇ ಕಡೆಗೆ ಸುತ್ತುತ್ತದೆ, ಸುತ್ತಿದಷ್ಟೂ ದಾರ ಗಿಡ್ಡ ಆಗುತ್ತೆ, ಕೊನೆಗೆ ಮೊಳೆಗೇ ಅಂಟಿಕೊಳ್ಳುತ್ತೆ ಅಂತ ಪಕ್ಕದ ಹುಡುಗಿ ತಣ್ಣಗೆ ವಿವರಿಸುತ್ತಾಳೆ. ಮೊದಲ ಸಲ ಮಕ್ಕಳ ತಂಟೆ ಅಂದುಕೊಂಡೆ. ಎರಡನೇ ಸಲ ನೋಡುವಾಗ ಗೊತ್ತಾಯಿತು, ಇದು ಹೋವಿಯ ಇಡೀ ಕೇಸ್ ಡೈರಿ. ಅಂಗಡಿ, ಶಾಲೆ, ಸ್ಮಶಾನ, ರಿಜಿಸ್ಟರ್ ಆಫೀಸು, ಅವನು ಕಾನೂನಿನ ಪ್ರಕಾರ ಇಟ್ಟ ಪ್ರತಿ ಹೆಜ್ಜೆಗೂ ದಾರ ಗಿಡ್ಡ ಆಗಿದೆ. 2006ರಲ್ಲೂ ಡೆಸ್ಕ್ ಇದೆ. ಮುಚ್ಚಳ ಎತ್ತಿದರೆ ಪುರ್ರಂತ ಕಾಗೆ ಹಾರಿಬರುತ್ತೆ. ನನ್ನ ಹೆಂಡತಿ ಚಹಾ ಚೆಲ್ಲಿಕೊಂಡಳು. ಅಷ್ಟೇ, ಕಾಗೆ ಹೋಯಿತು.

ಹಳೆಯದರಲ್ಲಿ ತನಿಖೆಯ ಕೆಲಸ ಪಕ್ಕಾ ಇದೆ. ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರು ಹಿಡಿಯುತ್ತಾನೆ. ಗೋರಿ ತೆಗೆಸಬೇಕು ಅಂತ ಲಾರ್ಡ್ ಸಮ್ಮರ್‌ಐಲ್ ಹತ್ತಿರ ಅನುಮತಿಗೆ ಹೋಗುತ್ತಾನೆ, ಯಾಕಂದರೆ ಅಲ್ಲಿ ಮ್ಯಾಜಿಸ್ಟ್ರೇಟನ ಅಧಿಕಾರ ಅವನಿಗೇ ಇದೆ. ನಮ್ಮಲ್ಲೂ ಹೂತ ಹೆಣ ತೆಗೆಸಲು ಎಸಿನೋ ತಹಶೀಲ್ದಾರರೋ ಎದುರಿಗೆ ಇರಬೇಕಲ್ವಾ, ಹಾಗೆ. ಪೆಟ್ಟಿಗೆ ತೆರೆದರೆ ಒಳಗೆ ಸತ್ತ ಮೊಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಊಟದ ಸುಳಿವು. ಸೇಬಿಗೆ ಹೆಸರಾದ ದ್ವೀಪ ಅದು. ಇವನು ಊಟಕ್ಕೆ ಕೂತು ಸೇಬು ಕೇಳಿದರೆ ಇಲ್ಲ, ಕೊಡೋದು ಡಬ್ಬಿಯ ಹಣ್ಣು. ಕಲಬುರಗಿಯ ಖಾನಾವಳಿಯಲ್ಲಿ ತೊಗರಿಬ್ಯಾಳಿ ಇಲ್ಲ ಅಂದರೆ ನಾವು ಏನಂತೀವಿ? ಈ ಸಲ ಬೆಳೆ ಹೋಗಿದೆ ಅಂತೀವಿ. ಹೋಟೆಲಿನ ಗೋಡೆ ಮೇಲೆ ವರ್ಷವರ್ಷದ ಸುಗ್ಗಿ ಹಬ್ಬದ ಫೋಟೋಗಳಿವೆ, ಹೋದ ವರ್ಷದ್ದು ಮಾತ್ರ ಇಲ್ಲ. ಎರಡನ್ನೂ ಕೂಡಿಸಿದರೆ ಕೇಸ್ ಅಲ್ಲೇ ಅರ್ಧ ಬಿಚ್ಚಿಕೊಳ್ಳುತ್ತೆ.

ಆ ಲಾರ್ಡ್ ಪಾತ್ರ ಮಾಡಿದ್ದು ಕ್ರಿಸ್ಟೋಫರ್ ಲೀ. ಸಂಬಳ ತಗೊಳ್ಳದೆ ಮಾಡಿದರಂತೆ. ತಮ್ಮನ ಮಗ ಇನ್ನೊಂದು ವಿಷಯ ಹೇಳಿದ. ಕಥೆ ನಡೆಯೋದು ಮೇ ತಿಂಗಳ ಹಬ್ಬದಲ್ಲಿ, ಶೂಟಿಂಗ್ ಮಾಡಿದ್ದು 1972ರ ಅಕ್ಟೋಬರ್, ನವೆಂಬರ್ ಚಳಿಯಲ್ಲಿ. ಮರಗಳಿಗೆ ಕೈಯಿಂದಲೇ ಹೂವು ಅಂಟಿಸಿದರಂತೆ, ಬಾಯಿಂದ ಹಬೆ ಕಾಣದಿರಲಿ ಅಂತ ನಟರು ಐಸ್ ಚೀಪುತ್ತಿದ್ದರಂತೆ. ಇದನ್ನು ಕೇಳಿ ಮೂರನೇ ಸಲ ನೋಡಿದಾಗ ಆ ವಸಂತವೇ ನನಗೆ ಗುಮಾನಿಯಾಗಿ ಕಂಡಿತು.

ರಿಮೇಕ್‌ಗೂ ನ್ಯಾಯ ಕೊಡಬೇಕು. ಸೇಬಿನ ಬದಲು ಜೇನು ತಂದದ್ದು ಕೆಟ್ಟ ಯೋಚನೆ ಏನಲ್ಲ. ರಾಣಿಹುಳು ಇದ್ದ ಹಾಗೆ ಒಬ್ಬ ಹಿರಿ ಹೆಂಗಸು, ದುಡಿಯುವುದಕ್ಕೆ ಮಾತಿಲ್ಲದ ಗಂಡಸರು. ಇದನ್ನೇ ನಂಬಿಕೊಂಡು ಹೋಗಿದ್ದರೆ ಬೇರೆಯದೇ ಒಂದು ಸಿನಿಮಾ ಆಗುತ್ತಿತ್ತು. ಆದರೆ ಹೀರೋ ಪಿಸ್ತೂಲು ತೋರಿಸಿ ಮಾಸ್ತರಬಾಯಿಯಿಂದ ಸೈಕಲ್ ಕಿತ್ತುಕೊಳ್ಳುತ್ತಾನೆ, ಕರಡಿ ವೇಷ ಹಾಕಿಕೊಂಡು ಹೆಂಗಸರಿಗೆ ಗುದ್ದುತ್ತಾನೆ. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಇಂವಗ ಸಸ್ಪೆಂಡ್ ಮಾಡಂಗಿಲ್ಲೇನ್ರಿ?" ಅಂದಳು. ಜೇನುಹುಳು ಮುಖಕ್ಕೆ ಸುರಿಯುವ ದೃಶ್ಯ ಥಿಯೇಟರಿನಲ್ಲಿ ಇರಲಿಲ್ಲವಂತೆ, ಡಿಸ್ಕಿನ ಕಾಪಿಯಲ್ಲಿ ಸೇರಿಸಿದ್ದು. ಈಗ ಜನರಿಗೆ ಆ ಸಿನಿಮಾದಲ್ಲಿ ನೆನಪಿರೋದು ಅದೊಂದೇ, ಅದೂ ನಗೋದಕ್ಕೆ.

ಕೊನೆಗೆ ಬರೋಣ. ಬೆಳೆ ಬರಲಿ ಅಂತ ಕೊಡುವ ಬಲಿಗೆ ಹೋವಿಯನ್ನು ಯಾಕೆ ಆರಿಸಿದರು ಅಂತ ದ್ವೀಪದವರು ಅವನಿಗೇ ಹೇಳುತ್ತಾರೆ. ತಾನಾಗಿ ಬಂದವನು, ರಾಜನ ಅಧಿಕಾರ ಹೊತ್ತು ಬಂದವನು, ಹೆಣ್ಣು ಮುಟ್ಟದವನು, ಕೋಡಂಗಿ ವೇಷದಲ್ಲಿ ಬಂದವನು. ನಾಲ್ಕರಲ್ಲಿ ಎರಡು ಅವನ ನೌಕರಿಯೇ. ಡ್ಯೂಟಿ ಸರಿಯಾಗಿ ಮಾಡಿದ್ದಕ್ಕೇ ಸಿಕ್ಕಿಬಿದ್ದ. ಹುಡುಗಿ ಕಾಣೆಯಾಗಿರಲೇ ಇಲ್ಲ. ಸಾಯುವ ಮುಂಚೆಯೂ ಅವನು ಪೊಲೀಸನ ಹಾಗೆ ಒಂದು ಪಾಯಿಂಟ್ ಹಾಕುತ್ತಾನೆ: ಬೆಳೆ ಮತ್ತೆ ಹೋದರೆ ಮುಂದಿನ ವರ್ಷ ಈ ಜನಕ್ಕೆ ನೀನೇ ಬೇಕಾಗ್ತೀಯ ಅಂತ ಲಾರ್ಡ್‌ಗೆ ಹೇಳುತ್ತಾನೆ. ಲೀ ಮುಖ ಒಂದು ಕ್ಷಣ ಬಿಗಿಯುತ್ತೆ. ಆಮೇಲೆ ಬೆತ್ತದ ಗೊಂಬೆಗೆ ಬೆಂಕಿ. ಒಳಗೆ ಕುರಿ, ಕೋಳಿಗಳ ನಡುವೆ ಇವನು ತನ್ನ ದೇವರ ಹಾಡು ಹೇಳುತ್ತಾನೆ, ಹೊರಗೆ ಅವರು ಕೈ ಕೈ ಹಿಡಿದು ತಮ್ಮ ಹಾಡು ಹೇಳುತ್ತಾರೆ. ಗೊಂಬೆಯ ತಲೆ ಬೀಳುತ್ತೆ, ಹಿಂದೆ ಸೂರ್ಯ ಮುಳುಗುತ್ತಿರುತ್ತಾನೆ.

ರಿಮೇಕ್‌ನಲ್ಲಿ ಅವನನ್ನು ಆರಿಸಿದ್ದು ರಕ್ತಸಂಬಂಧಕ್ಕೆ. ಕಾಲು ಮುರಿಯುತ್ತಾರೆ, ಅವನು ಅರಚುತ್ತಾನೆ, ಮಗಳೇ ಬೆಂಕಿ ಇಡುತ್ತಾಳೆ. ಪಾಪ ಅನಿಸಿತು. ಚೆಕ್‌ಪೋಸ್ಟ್ ಮಾತ್ರ ನೆನಪಾಗಲಿಲ್ಲ.

ಎರಡೂ ಮಹಜರು ಬರೆದು ಮುಗಿಸಿದೆ. ಕೆಳಗೆ ಇಬ್ಬರು ಪಂಚರ ಸಹಿ ಬೇಕು. 2006ರ ಪುಟಕ್ಕೆ ನನ್ನ ಹೆಂಡತಿ, ತಮ್ಮನ ಮಗ ನಗುತ್ತಾ ಸಹಿ ಹಾಕಿದರು. 1973ರ ಪುಟಕ್ಕೂ ಹಾಕೋಕೆ ಪೆನ್ನು ಎತ್ತಿದ ಹುಡುಗನನ್ನು ನಾನೇ ತಡೆದೆ. ಸ್ಥಳೀಯರೇ ಪಂಚರಾಗಬೇಕು ಅನ್ನೋದು ಮೊದಲಿನಿಂದ ನಾನು ಪಾಲಿಸಿದ ನಿಯಮ. ಅಲ್ಲಿ ಸ್ಥಳೀಯರು ಇದ್ದಾರೆ, ಇಡೀ ಊರೇ ಇದೆ, ಕೈ ಕೈ ಹಿಡಿದು ಹಾಡುತ್ತಾ ನಿಂತಿದೆ. ಆ ಜಾಗ ಇನ್ನೂ ಖಾಲಿ ಇದೆ.