ನ್ಯಾಪ್ಲಾನ್ ಹತ್ರ ಬಂತು, ಇಯರ್ 3 ಮತ್ತೆ 5ರ ಮಕ್ಕಳ ಅಪ್ಪ ಅಮ್ಮ ಏನ್ ಮಾಡ್ಬೇಕು, ಏನ್ ಬಿಡ್ಬೇಕು

ಆಸ್ಟ್ರೇಲಿಯಾದಲ್ಲಿ ಟರ್ಮ್ 1 ಶುರುವಾದ್ರೆ ಸಾಕು, ಸ್ಕೂಲ್ ನ್ಯೂಸ್‌ಲೆಟರ್ ಮೇಲೆ ನ್ಯೂಸ್‌ಲೆಟರ್ ಬರತ್ತೆ. ಸ್ವಿಮ್ಮಿಂಗ್ ಕಾರ್ನಿವಲ್, ಹ್ಯಾಟ್ ತರದಿದ್ರೆ ಆಟ ಇಲ್ಲ ಅನ್ನೋ ರೂಲು, ಯಾರ್ದೋ ತಲೇಲಿ ಹೇನು ಸಿಕ್ಕಿದೆ ನಿಮ್ ಮಗೂದೂ ನೋಡ್ಕೊಳ್ಳಿ ಅನ್ನೋ ಸೂಚನೆ, ಇದೆಲ್ಲದ್ರ ಮಧ್ಯೆ ಎಲ್ಲೋ ಕೆಳಗಡೆ ನ್ಯಾಪ್ಲಾನ್ (ದೇಶದ ಎಲ್ಲಾ ಸ್ಕೂಲಲ್ಲೂ ಮಕ್ಕಳ ಓದು, ಬರಹ, ಲೆಕ್ಕ ನೋಡೋ ಟೆಸ್ಟ್) ಅಂತ ಎರಡು ಸಾಲು. ಆ ಎರಡು ಸಾಲು ಓದಿದ ಸಂಜೆನೇ ನಮ್ಮೋರ ವಾಟ್ಸಾಪ್ ಗ್ರೂಪಲ್ಲಿ ಯಾವ ಟ್ಯೂಷನ್ ಒಳ್ಳೇದು ಅಂತ ಚರ್ಚೆ ಶುರುವಾಗತ್ತೆ. ನನ್ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ, ಇದಕ್ಕೆ ಅಂತಾನೇ ಟ್ಯೂಷನ್ ಬೇಕಾಗಿಲ್ಲ. ಮಗುಗೆ ಟೆಸ್ಟಿನ ರೀತಿ ಗೊತ್ತಿರ್ಬೇಕು, ಆ ದಿನಗಳಲ್ಲಿ ಸ್ಕೂಲಿಗೆ ಹೋಗ್ಬೇಕು, ಮನೇಲಿ ನಾವು ಇದನ್ನ ಎಸ್ಸೆಸ್ಸೆಲ್ಸಿ ಮಾಡ್ಬಾರ್ದು. ಅಷ್ಟೇ.

ಮೊದ್ಲು ಡೇಟ್ ನೋಡ್ಕೊಳ್ಳಿ. 2026ರಲ್ಲಿ ನ್ಯಾಪ್ಲಾನ್ ಮಾರ್ಚ್ 11ರಿಂದ 23ರವರೆಗೆ, ಅಂದ್ರೆ ಒಂಬತ್ತು ಸ್ಕೂಲ್ ದಿನ. ಮೊದ್ಲೆಲ್ಲ ಮೇ ತಿಂಗಳಲ್ಲಿ ಇರ್ತಿತ್ತು, 2023ರಿಂದ ಮಾರ್ಚಿಗೆ ತಂದಿದಾರೆ, ಹಾಗಾಗಿ ದೊಡ್ಡ ಮಗು ಟೈಮಲ್ಲಿ ಹೆಂಗಿತ್ತು ಅನ್ನೋ ನೆನಪು ಈಗ ಉಪಯೋಗಕ್ಕೆ ಬರಲ್ಲ. ಒಂಬತ್ತು ದಿನವೂ ಟೆಸ್ಟ್ ಇರಲ್ಲ, ಒಟ್ಟು ನಾಲ್ಕೇ ಟೆಸ್ಟು, ಯಾವ ದಿನ ಯಾವ್ದು ಅಂತ ಪ್ರತಿ ಸ್ಕೂಲು ತನ್ನ ಟೈಮ್‌ಟೇಬಲ್ ಹಾಕತ್ತೆ. ರೈಟಿಂಗ್ ಮಾತ್ರ ಶುರುನಲ್ಲೇ ಮುಗಿಸ್ತಾರೆ, ಅದಕ್ಕೇ ಮೊದಲೆರಡು ದಿನ ಡೆಂಟಿಸ್ಟ್ ಅಪಾಯಿಂಟ್‌ಮೆಂಟು ಗಿಪಾಯಿಂಟ್‌ಮೆಂಟು ಇಟ್ಕೋಬೇಡಿ. ಮಿಕ್ಕಿದ್ದು ತಪ್ಪಿದ್ರೆ ಆ ಒಂಬತ್ತು ದಿನದೊಳಗೆ ಕ್ಯಾಚ್ ಅಪ್ ಮಾಡಿಸ್ತಾರೆ.

ಇನ್ನೊಂದು ವಿಷ್ಯ, ಈ ಸಲ ಯುಗಾದಿ ಮಾರ್ಚ್ 19, ಗುರುವಾರ, ಸರಿಯಾಗಿ ಟೆಸ್ಟ್ ನಡುವೆ. ರಜಾ ಹಾಕ್ಸೋ ಪ್ಲಾನ್ ಇದ್ರೆ ಕ್ಲಾಸ್ ಟೀಚರಿಗೆ ಈಗ್ಲೇ ಒಂದು ಮೆಸೇಜ್ ಹಾಕಿ ಆವತ್ತು ಏನಿದೆ ಅಂತ ಕೇಳಿ. ಏನೂ ಇಲ್ಲ ಅಂದ್ರೆ ಆರಾಮಾಗಿ ಎಣ್ಣೆ ಸ್ನಾನ ಮಾಡ್ಸಿ ಹೋಳಿಗೆ ತಿನ್ಸಿ. ಹಾರ್ಮನಿ ಡೇನೂ (ಬೇರೆ ಬೇರೆ ಸಂಸ್ಕೃತಿಯೋರು ಒಟ್ಟಿಗಿರೋದನ್ನ ಆಚರಿಸೋ ದಿನ) ಅದೇ ವಾರ, ಮಾರ್ಚ್ 21, ಕಿತ್ತಳೆ ಬಣ್ಣದ ಬಟ್ಟೆ ಅಥ್ವಾ ಲಂಗ ರವಿಕೆ ಹಾಕ್ಕೊಂಡ್ ಬನ್ನಿ ಅಂತ ಇನ್ನೊಂದು ನೋಟ್ ಬರತ್ತೆ, ಅದೂ ಕ್ಯಾಲೆಂಡರಲ್ಲಿ ಇರ್ಲಿ.

ಈಗ ಟೆಸ್ಟ್ ಬಗ್ಗೆ. ಇಯರ್ 3, 5, 7, 9 ಮಕ್ಕಳು ಬರೀತಾರೆ, 2008ರಿಂದ ನಡೀತಿದೆ (2020ರಲ್ಲಿ ಕೋವಿಡ್ ಅಂತ ನಡೀಲಿಲ್ಲ). ರೈಟಿಂಗ್, ರೀಡಿಂಗ್, ನ್ಯೂಮರಸಿ, ಆಮೇಲೆ ಕನ್ವೆನ್ಷನ್ಸ್ ಆಫ್ ಲ್ಯಾಂಗ್ವೇಜ್ ಅಂತ ಒಂದು, ಅಂದ್ರೆ ಸ್ಪೆಲ್ಲಿಂಗು ಗ್ರಾಮರು ಪಂಕ್ಚುಯೇಷನ್ನು. ಪಾಸು ಫೇಲು ಅಂತ ಏನೂ ಇಲ್ಲ. ಇಯರ್ 3 ರೈಟಿಂಗ್ ಒಂದು ಬಿಟ್ಟು ಎಲ್ಲಾ ಕಂಪ್ಯೂಟರಲ್ಲೇ, ಅದೊಂದು ಮಾತ್ರ ಪೇಪರ್ ಪೆನ್ಸಿಲ್.

ಇಲ್ಲೇ ಮೊದಲ ಕೆಲ್ಸ. ನ್ಯಾಪ್ಲಾನ್ ವೆಬ್‌ಸೈಟಲ್ಲಿ ಪಬ್ಲಿಕ್ ಡೆಮಾನ್ಸ್ಟ್ರೇಷನ್ ಸೈಟ್ ಅಂತ ಇದೆ, ಫ್ರೀ, ಲಾಗಿನ್ ಏನೂ ಬೇಡ. ಮಗುನ ಒಂದ್ಸಲ ಕೂರ್ಸಿ. ಉತ್ತರ ಸರಿನಾ ತಪ್ಪಾ ನೋಡ್ಬೇಡಿ, ಕೈ ಹೆಂಗ್ ಓಡತ್ತೆ ನೋಡಿ. ಐಪ್ಯಾಡ್ ಮಕ್ಕಳಿಗೆ ಮೌಸಲ್ಲಿ ಹಿಡ್ದು ಎಳ್ದು ಇನ್ನೊಂದು ಡಬ್ಬಿಗೆ ಹಾಕೋದು ಬರಲ್ಲ, ಬಿಟ್ಟು ಮತ್ತೆ ಹಿಡೀತಾರೆ, ಅಲ್ಲೇ ಟೈಮ್ ಹೋಗೋದು. ಸ್ಪೆಲ್ಲಿಂಗಲ್ಲಿ ಹೆಡ್‌ಫೋನ್ ಹಾಕ್ಕೊಂಡು ಪದ ಕೇಳಿ ಟೈಪ್ ಮಾಡ್ಬೇಕು, ಹೆಡ್‌ಫೋನ್ ಮನೆಯಿಂದ ತರ್ಬೇಕಾ ಅನ್ನೋದು ಅದೇ ನ್ಯೂಸ್‌ಲೆಟರಲ್ಲಿ ಇರತ್ತೆ ನೋಡಿ. ಅಮೆರಿಕದ ಆ್ಯಪಲ್ಲಿ ಸ್ಪೆಲ್ಲಿಂಗ್ ಪ್ರಾಕ್ಟೀಸ್ ಮಾಡೋ ಮಕ್ಕಳು ಕಲರ್ ಅನ್ನೋ ಪದದಲ್ಲಿ ಯು ತಿಂದ್ಬಿಡ್ತಾರೆ, ಅದನ್ನ ಒಂದ್ಸಲ ಹೇಳಿಡಿ. ಇಯರ್ 5 ಮಗು ಆದ್ರೆ ವಾರಕ್ಕೆರಡು ಸಲ ಕಾಲು ಗಂಟೆ ಏನಾದ್ರೂ ಟೈಪ್ ಮಾಡ್ಲಿ, ಅಜ್ಜಿಗೆ ಇಮೇಲ್ ಆದ್ರೂ ಪರ್ವಾಗಿಲ್ಲ, ಯಾಕಂದ್ರೆ ರೈಟಿಂಗಿಗೆ 42 ನಿಮಿಷ ಅಷ್ಟೇ, ಒಂದೇ ಬೆರಳಲ್ಲಿ ಕುಟ್ಟುತ್ತಾ ಕೂತ್ರೆ ತಲೇಲಿರೋದು ತಲೇಲೇ ಉಳಿಯತ್ತೆ. ಇಯರ್ 3ಕ್ಕೆ 40 ನಿಮಿಷ.

ರೈಟಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ನಮ್ ಮಕ್ಕಳು ಒದ್ದಾಡೋದು ಹೆಚ್ಚಾಗಿ ಅಲ್ಲೇ, ಮಗ್ಗಿಗೇನು ಬರ ಇಲ್ಲ ನಮ್ ಮನೆಗಳಲ್ಲಿ. ಕೊಡೋದು ಎರಡರಲ್ಲಿ ಒಂದು, ಕಥೆ ಅಥ್ವಾ ಪರ್ಸ್ವೇಸಿವ್, ಅಂದ್ರೆ ಒಂದು ಪಕ್ಷ ಹಿಡ್ದು ವಾದ ಮಾಡೋದು. ಯಾವ್ದು ಅಂತ ಮುಂಚೆ ಹೇಳಲ್ಲ. ಸ್ಪೆಲ್ಲಿಂಗ್ ಒಂದಕ್ಕೇ ಮಾರ್ಕ್ಸ್ ಅನ್ಕೋಬೇಡಿ, ಹತ್ತು ಅಂಶ ನೋಡ್ತಾರೆ, ಐಡಿಯಾ, ಪದಗಳ ಆಯ್ಕೆ, ಪ್ಯಾರಾ ಮಾಡೋದು, ಓದೋರ್ನ ಮನಸ್ಸಲ್ಲಿಟ್ಕೊಂಡು ಬರ್ದಿದಾನಾ ಅನ್ನೋದು, ಎಲ್ಲಾ ಸೇರತ್ತೆ. ಹಾಗಾಗಿ ಮಾಡೆಲ್ ಎಸ್ಸೇ ಬಾಯಿಪಾಠ ಮಾಡ್ಸೋದು ಶುದ್ಧ ವೇಸ್ಟ್. ಅದ್ರ ಬದ್ಲು ಊಟಕ್ಕೆ ಕೂತಾಗ ಒಂದು ವಿಷ್ಯ ಎಸೀರಿ, ಭಾನುವಾರ ಕನ್ನಡ ಕ್ಲಾಸ್ ಬೇಕಾ ಬೇಡ್ವಾ ಅಂತ. ಬೇಡ ಅಂತ ತಾನಾಗೇ ವಾದ ಬರತ್ತೆ ಬಿಡಿ. ಯಾಕೆ ಬೇಡ, ಒಂದು ಕಾರಣ ಹೇಳು. ಇನ್ನೊಂದು? ನಾನು ಹಿಂಗಂದ್ರೆ ಏನಂತೀಯ? ಕೊನೇಲಿ ಒಂದೇ ಮಾತಲ್ಲಿ ಹೇಳು. ಕನ್ನಡದಲ್ಲೇ ಮಾತಾಡ್ಲಿ, ವಾದ ಕಟ್ಟೋದು ಬಂದ್ರೆ ಇಂಗ್ಲಿಷಲ್ಲಿ ಬರೆಯೋಕೆ ಕ್ಲಾಸಲ್ಲಿ ಹೇಳ್ಕೊಡ್ತಾರೆ.

ಮಗುಗೆ ಮುಂಚೆನೇ ಹೇಳಿಡ್ಬೇಕಾದ ಇನ್ನೊಂದಿದೆ. ರೈಟಿಂಗ್ ಬಿಟ್ಟು ಉಳಿದ ಮೂರೂ ಟೆಸ್ಟ್ ಎಲ್ಲರಿಗೂ ಒಂದೇ ತರ ಇರಲ್ಲ, ಮೊದಲ ಭಾಗದಲ್ಲಿ ಹೆಂಗೆ ಉತ್ತರ ಕೊಟ್ರು ನೋಡಿ ಮುಂದಿನ ಭಾಗದ ಪ್ರಶ್ನೆ ಕಷ್ಟ ಅಥ್ವಾ ಸುಲಭ ಆಗತ್ತೆ. ಚೆನ್ನಾಗ್ ಮಾಡ್ತಿರೋ ಮಗುಗೇ ಪ್ರಶ್ನೆ ಕಷ್ಟ ಆಗ್ತಾ ಹೋಗತ್ತೆ. ಇದು ಗೊತ್ತಿಲ್ದೆ ಎಂಟು ವರ್ಷದ ಮಗು "ಅಮ್ಮಾ ನಂಗೇನೂ ಬರ್ಲಿಲ್ಲ" ಅಂತ ಅತ್ಕೊಂಡ್ ಬರತ್ತೆ, ಪಕ್ಕದಲ್ಲಿ ಕೂತಿದ್ದ ಫ್ರೆಂಡಿಗೆ ಈಸಿ ಇತ್ತಂತೆ ಅಂತ ಬೇರೆ. ಕಷ್ಟ ಬಂದ್ರೆ ಗಾಬರಿ ಆಗ್ಬೇಡ, ಗೊತ್ತಿದ್ದಷ್ಟು ಮಾಡು ಅನ್ನಿ ಸಾಕು. ಒಂದು ಭಾಗ ಮುಗ್ಸಿ ಮುಂದಿನದಕ್ಕೆ ಹೋದ್ಮೇಲೆ ವಾಪಸ್ ಬರೋಕಾಗಲ್ಲ, ಅದನ್ನೂ ಹೇಳಿ, ನೆಕ್ಸ್ಟ್ ಒತ್ತೋಕ್ ಮುಂಚೆ ಒಂದ್ಸಲ ಕಣ್ಣಾಡಿಸ್ಲಿ. ಇಯರ್ 3, 5ರಲ್ಲಿ ಕ್ಯಾಲ್ಕುಲೇಟರ್ ಇಲ್ಲ, ರಫ್ ಪೇಪರ್ ಕೊಡ್ತಾರೆ, ಮನಸ್ಸಲ್ಲೇ ಲೆಕ್ಕ ಮಾಡೋ ಜಾಣರಿಗೂ ಪೇಪರ್ ಉಪಯೋಗ್ಸು ಅನ್ನಿ.

ಹೊಸದಾಗಿ ಊರಿಂದ ಬಂದಿರೋರಿಗೆ: ಮನೆ ಭಾಷೆ ಬೇರೆ ಇದ್ದು ಆಸ್ಟ್ರೇಲಿಯಾದ ಸ್ಕೂಲಲ್ಲಿ ಇನ್ನೂ ಒಂದು ವರ್ಷ ಆಗಿಲ್ಲ ಅಂದ್ರೆ ಎಕ್ಸೆಂಪ್ಷನ್ ಕೇಳ್ಬೋದು. ಡಿಸೆಬಿಲಿಟಿ ಇರೋ ಮಕ್ಕಳಿಗೆ ಎಕ್ಸ್ಟ್ರಾ ಟೈಮ್ ತರದ ಅಡ್ಜಸ್ಟ್‌ಮೆಂಟ್ ಇರತ್ತೆ, ಕ್ಲಾಸಲ್ಲಿ ಈಗಾಗ್ಲೇ ಏನ್ ಸಹಾಯ ಸಿಗ್ತಿದೆ ಅಂತ ಹೇಳಿ ಸ್ಕೂಲ್ ಜೊತೆ ಈಗ್ಲೇ ಮಾತಾಡಿ, ಹಿಂದಿನ ದಿನ ಹೋದ್ರೆ ಆಗಲ್ಲ. ಬೇಡ್ವೇ ಬೇಡ ಅಂದ್ರೆ ಫಾರ್ಮಿಗೆ ಸೈನ್ ಹಾಕಿ ಮಗುನ ವಿತ್‌ಡ್ರಾ ಮಾಡೋ ಹಕ್ಕೂ ಇದೆ.

ರಿಸಲ್ಟ್ ವರ್ಷದ ಮಧ್ಯದಲ್ಲಿ ಸ್ಕೂಲ್ ಮೂಲಕ ಬರತ್ತೆ. ನಾಲ್ಕು ಲೆವೆಲ್: ಎಕ್ಸೀಡಿಂಗ್, ಸ್ಟ್ರಾಂಗ್, ಡೆವಲಪಿಂಗ್, ನೀಡ್ಸ್ ಅಡಿಷನಲ್ ಸಪೋರ್ಟ್. ಸ್ಟ್ರಾಂಗ್ ಬಂದ್ರೆ ಕೆಲವರು ಮುಖ ಸಣ್ಣ ಮಾಡ್ಕೋತಾರೆ, ಅರ್ಥ ಇಲ್ಲ, ಆ ವಯಸ್ಸಿಗೆ ನಿರೀಕ್ಷೆ ಇಟ್ಟಿದ್ದನ್ನ ಮಗು ಮುಟ್ಟಿದೆ ಅಂತಾನೇ ಅದ್ರ ಅರ್ಥ. ಡೆವಲಪಿಂಗ್ ಅಥ್ವಾ ಕೊನೇದು ಬಂದಿದ್ರೆ ಮಗುನ ಬೈಯೋಕ್ ಹೋಗ್ಬೇಡಿ, ಪೇರೆಂಟ್ ಟೀಚರ್ ಇಂಟರ್‌ವ್ಯೂ ಬುಕ್ ಮಾಡಿ ಎರಡೇ ಪ್ರಶ್ನೆ ಕೇಳಿ: ಕ್ಲಾಸಲ್ಲೂ ಹಿಂಗೇನಾ, ಇಲ್ಲಾ ಆವತ್ತು ಮಾತ್ರನಾ? ಕ್ಲಾಸಲ್ಲೂ ಹಿಂಗೇ ಅಂದ್ರೆ ಸ್ಕೂಲಲ್ಲಿ ಏನ್ ಮಾಡ್ತೀರಾ, ಮನೇಲಿ ನಾವೇನ್ ಮಾಡೋಣ? ಸಿಡ್ನಿ ಕಡೆಯವರು ಓಸಿ, ಸೆಲೆಕ್ಟಿವ್ (ಟೆಸ್ಟ್ ಮಾಡಿ ಚುರುಕು ಮಕ್ಕಳನ್ನ ಸೇರಿಸ್ಕೊಳ್ಳೋ ಸರ್ಕಾರಿ ಕ್ಲಾಸು, ಹೈಸ್ಕೂಲು) ಬಗ್ಗೆ ತಲೆ ಕೆಡಿಸ್ಕೊಂಡಿದ್ರೆ ಅವಕ್ಕೆ ಬೇರೆ ಟೆಸ್ಟು, ಬೇರೆ ಅಪ್ಲಿಕೇಷನ್ನು, ಅದ್ರ ಡೇಟ್ ಬೇರೆ ನೋಡ್ಕೋಬೇಕು.