ಕಬ್ಬಿಣಕ್ಕೊಂದು ಹೊತ್ತು, ಕ್ಯಾಲ್ಸಿಯಂಗೊಂದು ಹೊತ್ತು: ಬೈಪಾಸ್ ನಂತರದ ನನ್ನ ಅನುಭವ

ಹೋದ ತಿಂಗಳ ರಿಪೋರ್ಟಿನಲ್ಲಿ ನನ್ನ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ, 70ರ ಆಸುಪಾಸು ಬಂದಿದೆ. ನನಗೆ ಗ್ಯಾಸ್ಟ್ರಿಕ್ ಬೈಪಾಸ್ (ತೂಕ ಇಳಿಸಲು ಹೊಟ್ಟೆಯನ್ನು ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ಸರ್ಜರಿ) ಆಗಿ ನಾಲ್ಕು ವರ್ಷ. ಮುಟ್ಟು ಇನ್ನೂ ನಿಂತಿಲ್ಲ. ಕಳೆದ ಇಪ್ಪತ್ತು ಇಪ್ಪತ್ತೊಂದು ತಿಂಗಳಲ್ಲಿ ರಕ್ತನಾಳಕ್ಕೆ ಕೊಡುವ ಕಬ್ಬಿಣದ ಒಂದು ಡ್ರಿಪ್ ಕೂಡ ಹಾಕಿಸಿಕೊಂಡಿಲ್ಲ, ಎಲ್ಲ ಬಾಯಿಂದ ನುಂಗಿದ ಮಾತ್ರೆಯದ್ದೇ ಕೆಲಸ. ಎರಡೂವರೆ ವರ್ಷದ ಹಿಂದೆ ಇದೇ ಅಂಕಿ 6 ಅಥವಾ 7 ಇತ್ತು. ಬೈಪಾಸ್ ಆದವರಿಗೆ ಇದರ ಬೆಲೆ ಏನೆಂದು ವಿವರಿಸಬೇಕಿಲ್ಲ.

"ನಿಮಗಿನ್ನು ಬಾಯಿಂದ ಕೊಟ್ಟ ಕಬ್ಬಿಣ ಮೈಗೆ ಹತ್ತಲ್ಲ, ವರ್ಷಕ್ಕೊಂದು ಸಲ ಡ್ರಿಪ್ ಅಂತ ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಎಂದು ಡಯಟಿಷಿಯನ್ ಹೇಳಿದ್ದರು. ನನ್ನ ಜೊತೆಗೇ ಸರ್ಜರಿ ಮಾಡಿಸಿಕೊಂಡ ಇಬ್ಬರದೂ ಅದೇ ಮಾತು. ಮನೆಯವರಂತೂ ಮೇಜಿನ ಮೇಲಿನ ಡಬ್ಬಿಗಳನ್ನು ನೋಡಿ ಏನೂ ಹೇಳದೆ ಎದ್ದು ಹೋಗುತ್ತಿದ್ದರು. ಈಗ ರಿಪೋರ್ಟ್ ಬಂದ ದಿನ ಮೊದಲು ಓದುವವರು ಅವರೇ.

ಮೊದಲ ವರ್ಷ ನಾನು ಯಾವುದನ್ನೂ ಬಿಟ್ಟವಳಲ್ಲ. ಕೊಟ್ಟ ಚೀಟಿಯಲ್ಲಿದ್ದದ್ದನ್ನೆಲ್ಲ ತಂದೆ, ಎಲ್ಲ ತಗೊಂಡೆ. ತಪ್ಪಾದದ್ದು ಅಲ್ಲಿಯೇ: ಎಲ್ಲವನ್ನೂ ಬೆಳಿಗ್ಗೆ ಒಟ್ಟಿಗೆ, ಬೊಗಸೆಗೆ ಸುರಿದುಕೊಂಡು, ಕಾಫಿಗಿಂತ ಹತ್ತು ನಿಮಿಷ ಮೊದಲು ನುಂಗುತ್ತಿದ್ದೆ. ಒಂದು ಸಲಕ್ಕೆ ಮುಗಿದು ಹೋಗಲಿ ಎನ್ನುವ ಆಸೆ. ಕ್ಯಾಲ್ಸಿಯಂ ಮತ್ತು ಕಬ್ಬಿಣ ಒಟ್ಟಿಗೆ ಹೋದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತೆ, ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಅದರ ಮೇಲೆ ಕಾಫಿ. ಅದರ ಮೇಲೆ, ಸರ್ಜರಿ ಆದಾಗ ಬರೆದುಕೊಟ್ಟ ಆಸಿಡಿಟಿ ಮಾತ್ರೆಯನ್ನು ಯಾರೂ ನಿಲ್ಲಿಸು ಅನ್ನಲಿಲ್ಲವೆಂದು ಒಂದು ವರ್ಷಕ್ಕೂ ಮಿಕ್ಕಿ ನುಂಗಿದ್ದೆ. ಇದ್ದಬದ್ದ ಚೂರು ಆಮ್ಲವೂ ಇಲ್ಲದ ಹೊಟ್ಟೆಯಲ್ಲಿ ಕಬ್ಬಿಣ ಕರಗಬೇಕಾದರೂ ಹೇಗೆ? ಕಬ್ಬಿಣ ಹೆಚ್ಚಾಗಿ ಹತ್ತುವ ಡುವೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ಅಂತೂ ನಮ್ಮ ಊಟದ ದಾರಿಯಲ್ಲೇ ಇಲ್ಲ.

ಅದಕ್ಕೂ ಮುಂಚೆ ಇನ್ನೊಂದು ಕಂಟಕ ಕಳೆದಿತ್ತು. ಮೂರನೆಯ ತಿಂಗಳಲ್ಲಿ ಏನು ತಿಂದರೂ ವಾಂತಿ. ಹತ್ತು ಹನ್ನೆರಡು ದಿನ ಹಾಗೇ ತಳ್ಳಿದೆ. ಮಾತ್ರೆ ದೊಡ್ಡದು ಅನ್ನಿಸಿ ಚೀಪುವ ಗಮ್ಮಿಗೆ ಬದಲಾಯಿಸಿಕೊಂಡಿದ್ದೆ, ಅದೂ ದುಬಾರಿಯದ್ದು. ಡಬ್ಬಿಯ ಹಿಂದೆ ಓದಿದ್ದರೆ ತಿಳಿಯುತ್ತಿತ್ತು, ಅದರಲ್ಲಿ ಕಬ್ಬಿಣವೂ ಇರಲಿಲ್ಲ, ಥಯಾಮಿನ್ನೂ (ವಿಟಮಿನ್ ಬಿ1) ಇರಲಿಲ್ಲ. ಪಾದ ಜುಮ್ಮೆನ್ನಲು ಶುರುವಾಯಿತು. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯಬೇಕಾಯಿತು. ನಿತ್ರಾಣಕ್ಕೆ ಗ್ಲೂಕೋಸ್ ಹಾಕಿಸೋಣವೆಂದು ಹೋದಾಗ ಅಲ್ಲಿದ್ದ ಹಿರಿಯ ನರ್ಸ್ ಬಾಟಲಿ ತೂಗುಹಾಕುವ ಮುಂಚೆ ಕೇಳಿದರು: "ನಿಮಗೆ ಹೊಟ್ಟೆ ಸರ್ಜರಿ ಆಗಿ ಎಷ್ಟು ದಿನ ಆಯ್ತಮ್ಮ? ವಾಂತಿ ಎಷ್ಟು ದಿನದಿಂದ?" ಹೇಳಿದೆ. ಬಾಟಲಿಯನ್ನು ಪಕ್ಕಕ್ಕಿಟ್ಟು ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದರು. ಮೊದಲು ಥಯಾಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್. ಬಿ1 ಖಾಲಿಯಾದ ಮೈಗೆ ಬರೀ ಗ್ಲೂಕೋಸ್ ಹೋದರೆ ಮೆದುಳಿಗೇ ಪೆಟ್ಟು ಬೀಳಬಹುದು ಎಂದು ಅವತ್ತು ಗೊತ್ತಾಯಿತು. ಆ ನರ್ಸ್ ಕೇಳಿದ ಎರಡು ಪ್ರಶ್ನೆಗೆ ನಾನು ಇವತ್ತಿಗೂ ಋಣಿ. ಬಿ12 ಲಿವರಿನಲ್ಲಿ ವರ್ಷಗಟ್ಟಲೆ ಕೂಡಿಟ್ಟಿರುತ್ತದೆ, ಬಿ1 ಹಾಗಲ್ಲ, ಎರಡು ಮೂರು ವಾರಕ್ಕೆ ಬರಿದು. ಎರಡು ಮೂರು ದಿನ ಬಿಡದೆ ವಾಂತಿಯಾದರೆ ದಯವಿಟ್ಟು ನನ್ನ ಹಾಗೆ ಕಾಯಬೇಡಿ. ನೇರ ಹೋಗಿ, ಸರ್ಜರಿ ಆಗಿದೆ ಎಂದು ನೀವೇ ಬಾಯಿಬಿಟ್ಟು ಹೇಳಿ. ನಾನು ಈಗ ದಿನಕ್ಕೆ 50 ಮಿ.ಗ್ರಾಂ. ಥಯಾಮಿನ್ ಇರುವ ಬಿ ಕಾಂಪ್ಲೆಕ್ಸ್ ತಪ್ಪಿಸುವುದಿಲ್ಲ.

ಕಬ್ಬಿಣದ ಕಥೆ ಹೊರಬಿದ್ದದ್ದು ಐಸ್‌ನಿಂದ. ಒಂದೂವರೆ ವರ್ಷವಾಗಿತ್ತು. ರಾತ್ರಿ ಹನ್ನೊಂದಕ್ಕೆ ಫ್ರಿಜ್ ಮುಂದೆ ನಿಂತು ಟ್ರೇ ತಿರುಚಿ, ಬಿದ್ದ ತುಂಡುಗಳನ್ನು ಒಂದೊಂದಾಗಿ ಕಟಕಟ ಅಗಿಯುತ್ತಿದ್ದೆ. ಅಗಿದಷ್ಟೂ ಬೇಕು. ಹಲ್ಲು ಜುಮ್ಮೆಂದರೂ ಬಿಡಲಾಗದು. ಕೆಲವು ದಿನ ಇರಲು ಬಂದ ಅಕ್ಕ, "ಏನೇ ಇದು, ದಿನಾ ಎರಡು ಟ್ರೇ ಖಾಲಿ ಮಾಡ್ತೀಯಲ್ಲ! ಬಸುರಿಯರು ಮಣ್ಣು ತಿಂದ ಹಾಗಿದೆ, ಮೊದಲು ರಕ್ತ ಪರೀಕ್ಷೆ ಮಾಡಿಸು" ಅಂದಳು. ಅವಳು ಅಂದದ್ದು ನೂರಕ್ಕೆ ನೂರು ಸರಿ. ಹಿಮೋಗ್ಲೋಬಿನ್ 9ರ ಹತ್ತಿರ, ಫೆರಿಟಿನ್ ಆ 6 ಅಥವಾ 7. ರಾತ್ರಿ ಕಾಲು ಒಂದು ಕಡೆ ನಿಲ್ಲದೆ ಒದ್ದಾಡುತ್ತಿದ್ದದ್ದಕ್ಕೂ ಅದೇ ಕಾರಣ ಅಂದರು.

ಡ್ರಿಪ್ ಹಾಕಿಸಿದೆ. ಒಂದು ವಾರದೊಳಗೆ ಐಸ್ ಆಸೆ ಹೋಯಿತು, ಮೂರು ವಾರಕ್ಕೆ ಮೆಟ್ಟಿಲು ಹತ್ತುವಾಗ ಏದುಸಿರು ನಿಂತಿತು. ಡ್ರಿಪ್ಪನ್ನು ನಾನು ಹಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಅದೇ ಸರಿ. ಆದರೆ ಎಂಟೊಂಬತ್ತು ತಿಂಗಳಿಗೆ ಫೆರಿಟಿನ್ ಮತ್ತೆ 11ಕ್ಕೆ ಬಂದು ಕೂತಿತು. ಡ್ರಿಪ್ ಖರ್ಚು, ಅವತ್ತಿನ ರಜೆ, ಮುಂಚೆ ಪರೀಕ್ಷೆ, ಆಮೇಲೆ ಪರೀಕ್ಷೆ ಎಲ್ಲ ಕೂಡಿಸಿದರೆ ಈಗ ನಾನು ನುಂಗುವ ಕಬ್ಬಿಣದ ಮಾತ್ರೆ ಒಂದು ವರ್ಷಕ್ಕೂ ಹೆಚ್ಚು ಬರುತ್ತದೆ. ಇನ್ನು ಅದಕ್ಕೂ ಮುಂಚಿನ ಹದಿನೆಂಟು ತಿಂಗಳು ಕೊಂಡ ಡಬ್ಬಿಗಳದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಲೆಕ್ಕ.

ಆಗ ಕೂತು ಎಲ್ಲ ಡಬ್ಬಿಗಳ ಹಿಂಬದಿ ಓದಿದೆ. ಅವತ್ತು ಗೊತ್ತಾದ ದೊಡ್ಡ ವಿಷಯವೆಂದರೆ ಡಬ್ಬಿಯ ಮುಂದಿನ ಅಂಕಿ ಬೇರೆ, ಮೈಗೆ ಸಿಗುವ ಅಂಕಿ ಬೇರೆ. 1000 ಮಿ.ಗ್ರಾಂ. ಕ್ಯಾಲ್ಸಿಯಂ ಸಿಟ್ರೇಟ್ ಅಂದರೆ ಒಳಗೆ ಇರುವ ಕ್ಯಾಲ್ಸಿಯಂ ಸುಮಾರು 210 ಮಾತ್ರ. ನನಗೆ ದಿನಕ್ಕೆ 1200ರಿಂದ 1500 ಬೇಕೆಂದು ಹೇಳಿದ್ದರು. ನಾನು ಒಂದೊಂದು ಮಾತ್ರೆಗೂ 1000 ಎಂದು ಲೆಕ್ಕ ಹಿಡಿದು ಒಂದೂವರೆ ಮಾತ್ರೆಗೆ ನಿಲ್ಲಿಸಿದ್ದೆ! ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಇದೆಯಲ್ಲ ಎಂಬ ಧೈರ್ಯ ಬೇರೆ. ರಕ್ತಕ್ಕೆ ಕಡಿಮೆಯಾದದ್ದನ್ನು ಮೂಳೆ ತುಂಬಿಕೊಡುತ್ತಿತ್ತು, ಮೂಳೆಯಿಂದ ಕ್ಯಾಲ್ಸಿಯಂ ಎಳೆಯುವ ಹಾರ್ಮೋನು ಪಿಟಿಹೆಚ್ ನೋಡಿದಾಗ 90 ದಾಟಿತ್ತು, ವಿಟಮಿನ್ ಡಿ 14. ಕಬ್ಬಿಣದ್ದೂ ಇದೇ ಕಥೆ. ಫೆರಸ್ ಸಲ್ಫೇಟ್ 325ರಲ್ಲಿ ಕಬ್ಬಿಣ 65, ಅದೇ ತೂಕದ ಫ್ಯೂಮರೇಟಿನಲ್ಲಿ 106ರಷ್ಟು, ಗ್ಲುಕೋನೇಟಿನಲ್ಲಿ ಅದರ ಅರ್ಧವೂ ಇಲ್ಲ. ಆಗ ನಾನು ನುಂಗುತ್ತಿದ್ದ ದುಬಾರಿ ಕಬ್ಬಿಣದ ಮಾತ್ರೆಯಲ್ಲಿ ಇದ್ದದ್ದು 14. ನಮ್ಮಂಥವರಿಗೆ ಹೇಳುವುದು 45ರಿಂದ 60.

ಡಾಕ್ಟರ್ ಹತ್ತಿರ ಹೋಗಿ, "ಇನ್ನೊಂದು ಡ್ರಿಪ್ ಬರೆಯುವ ಮುಂಚೆ ನನಗೆ ಸ್ವಲ್ಪ ಸಮಯ ಕೊಡಿ ಡಾಕ್ಟ್ರೇ" ಅಂದೆ. ಹಾಳೆಯಲ್ಲಿ ಗೀಚಿಕೊಂಡು ಹೋಗಿದ್ದ ವೇಳೆಯನ್ನು ತೋರಿಸಿದೆ. ಎರಡು ಸಲ ಓದಿದರು. "ಮೂರು ತಿಂಗಳು ಕೊಡ್ತೀನಿ. ಏರದಿದ್ದರೆ ಎದುರು ಮಾತಾಡದೆ ಡ್ರಿಪ್ಪಿಗೆ ಬರಬೇಕು" ಎಂದರು. ಆಸಿಡಿಟಿ ಮಾತ್ರೆಯನ್ನು ಅವರೇ ಹಂತ ಹಂತವಾಗಿ ನಿಲ್ಲಿಸಿದರು. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದ್ದದ್ದಕ್ಕೆ ಸ್ತ್ರೀರೋಗ ತಜ್ಞೆಯ ಹತ್ತಿರ ಕಳಿಸಿದರು. ಇವೆರಡೂ ಆಗದಿದ್ದರೆ ನನ್ನ ವೇಳಾಪಟ್ಟಿಯೊಂದರಿಂದ ಇಷ್ಟು ಆಗುತ್ತಿರಲಿಲ್ಲ.

ವೇಳೆ ಹೀಗಿದೆ. ಬೆಳಿಗ್ಗೆ ಎದ್ದ ಮೇಲೆ ಮಲ್ಟಿವಿಟಮಿನ್ ಮತ್ತು ಬಿ ಕಾಂಪ್ಲೆಕ್ಸ್, ಒಂದು ಗಂಟೆ ಬಿಟ್ಟು ಕಾಫಿ. ಮಲ್ಟಿಯಲ್ಲಿ ಕಬ್ಬಿಣ ಇರುವುದರಿಂದ ಅದರಲ್ಲಿ ಕ್ಯಾಲ್ಸಿಯಂ ಇರಕೂಡದು, ಹಾಗೆ ನೋಡಿಯೇ ಕೊಂಡಿದ್ದೇನೆ. ಯಾವ ಕಂಪನಿಯದೆಂದು ಬರೆಯುವುದಿಲ್ಲ, ಡಬ್ಬಿ ತಿರುಗಿಸಿ ಓದುವ ಅಭ್ಯಾಸ ನಿಮಗೂ ಆಗಲಿ. ಹತ್ತು, ಎರಡು ಮತ್ತು ಆರು ಗಂಟೆಗೆ ಕ್ಯಾಲ್ಸಿಯಂ ಸಿಟ್ರೇಟ್, ಒಂದು ಹೊತ್ತಿಗೆ ಕ್ಯಾಲ್ಸಿಯಂ 500 ಮೀರದ ಹಾಗೆ. ಅದಕ್ಕಿಂತ ಹೆಚ್ಚು ಒಂದೇ ಸಲ ಹಾಕಿದರೆ ಉಳಿದದ್ದು ಹತ್ತುವುದಿಲ್ಲ. ಡಿ3 ಮಧ್ಯಾಹ್ನದ ಊಟದ ಜೊತೆ, ಜಿಡ್ಡು ಇರುವ ಊಟ ಅದೊಂದೇ. ಬಿ12 1000 ಮೈಕ್ರೋಗ್ರಾಂ ನಾಲಿಗೆ ಕೆಳಗೆ ಇಡುವುದು, ಯಾವಾಗ ನೆನಪಾದರೆ ಆವಾಗ. ಕಬ್ಬಿಣ ರಾತ್ರಿ ಹತ್ತಕ್ಕೆ, ಊಟವಾಗಿ ಎರಡು ಗಂಟೆ ಕಳೆದ ಮೇಲೆ, ವಿಟಮಿನ್ ಸಿ ಒಂದರ ಜೊತೆ, ಬೇರೆ ಯಾವುದರ ಸಹವಾಸವೂ ಇಲ್ಲದೆ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಅದರಿಂದ ನಾಲ್ಕು ಗಂಟೆ ದೂರ ಇಡಬೇಕು, ನನ್ನ ವೇಳೆ ಅವರಿಗೆ ಹಾಗೇ ಹೊಂದುವುದಿಲ್ಲ.

ಕಬ್ಬಿಣಕ್ಕೆ ರಾತ್ರಿಯೇ ಸರಿ ಎಂದು ಕಂಡುಕೊಳ್ಳಲು ಎರಡು ತಿಂಗಳು ಬೇಕಾಯಿತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಹೊಟ್ಟೆ ತೊಳಸುವುದು, ಕಚೇರಿಯಲ್ಲಿ ಮಧ್ಯಾಹ್ನದವರೆಗೂ ಬಾಯಲ್ಲಿ ತುಕ್ಕಿನ ರುಚಿ. ರಾತ್ರಿಯಾದರೆ ಆ ಹೊತ್ತನ್ನು ನಿದ್ದೆ ನುಂಗಿಬಿಡುತ್ತದೆ. ನುಂಗಿದ ಕೂಡಲೇ ಅಡ್ಡಾಗಬಾರದು, ಗಂಟಲಲ್ಲೋ ಹೊಟ್ಟೆ ಕರುಳು ಜೋಡಿಸಿದ ಜಾಗದ ಹತ್ತಿರವೋ ಸಿಕ್ಕಿಕೊಂಡರೆ ಸುಡುತ್ತದೆ. ಅರ್ಧ ಗಂಟೆ ಕೂತಿರುತ್ತೇನೆ. ಮಲಬದ್ಧತೆಗೆ ನಾನು ಮಾಡುವ ಉಪಾಯ ಒಂದಿದೆ, ಅದನ್ನು ಇಲ್ಲಿ ಹೇಳುವುದಿಲ್ಲ. ನನ್ನ ಕರುಳಿಗೆ ಹೊಂದಿದ್ದು ನಿಮ್ಮದಕ್ಕೆ ಹೊಂದಬೇಕೆಂದಿಲ್ಲ, ನಿಮ್ಮ ಡಾಕ್ಟರನ್ನು ಕೇಳಿ.

ಎರಡು ಬಣ್ಣದ ಡಬ್ಬಿ ಮಾಡಿದ್ದು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಬಿಳಿ ಡಬ್ಬಿ ಕ್ಯಾಲ್ಸಿಯಂನದು, ಕೈಚೀಲದಲ್ಲಿ ಇರುತ್ತದೆ. ಕೆಂಪು ಡಬ್ಬಿ ಕಬ್ಬಿಣದ್ದು, ಮಂಚದ ಪಕ್ಕದ ಬೀರುವಿನ ಮೇಲಿನ ಅರೆಯಲ್ಲಿ, ಮಕ್ಕಳ ಕೈಗೆ ಎಟುಕದ ಕಡೆ. ಕಬ್ಬಿಣದ ಮಾತ್ರೆ ಚಿಕ್ಕ ಮಕ್ಕಳ ಪಾಲಿಗೆ ವಿಷ, ಇದರಲ್ಲಿ ಸಡಿಲ ಬೇಡ. ಎರಡು ಡಬ್ಬಿ ಒಂದೇ ಕೋಣೆಯಲ್ಲಿ ಇರದ ಕಾರಣ ಎರಡನ್ನೂ ಒಟ್ಟಿಗೆ ನುಂಗುವ ಸೋಮಾರಿತನಕ್ಕೆ ಅವಕಾಶವೇ ಉಳಿಯಲಿಲ್ಲ. ಆರು ಗಂಟೆಯದು ಮರೆತರೆ ಎಂಟಕ್ಕೆ ತಗೊಂಡು ಕಬ್ಬಿಣವನ್ನು ಹತ್ತೂವರೆಗೆ ತಳ್ಳುತ್ತೇನೆ. ಮಾರನೆಯ ದಿನ ಎರಡರಷ್ಟು ತಗೊಂಡು ಸರಿದೂಗಿಸುವ ಕೆಲಸ ಮಾಡಿಲ್ಲ.

ಮೂರು ತಿಂಗಳಿಗೆ 11 ಇದ್ದದ್ದು 19 ಆಯಿತು. ಡಾಕ್ಟರ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ನೋಡಿದರು. "ಮುಂದುವರಿಸಿ" ಅಂದರು, ಅಷ್ಟೇ. ಆರು ತಿಂಗಳಿಗೆ 30 ದಾಟಿತು, ವರ್ಷಕ್ಕೆ 50ರ ಮೇಲೆ. ಹಿಮೋಗ್ಲೋಬಿನ್ 13ರ ಹತ್ತಿರ ನಿಂತಿದೆ. ಪಿಟಿಹೆಚ್ 50ಕ್ಕೆ ಇಳಿದಿದೆ, ಡಿ 40ರ ಆಸುಪಾಸು. ಡಿ ಏರುವುದಕ್ಕೆ ದಿನಕ್ಕೆ 3000 ಐಯು ನನಗೆ ಸಾಲಲಿಲ್ಲ, ಕೆಲವು ತಿಂಗಳು ಹೆಚ್ಚು ಕೊಟ್ಟರು. ಡಯಟಿಷಿಯನ್ ಈಗ ನನ್ನ ಹಾಳೆಯ ಫೋಟೋ ತೆಗೆದುಕೊಂಡು ಬೇರೆಯವರಿಗೂ ತೋರಿಸುತ್ತಾರೆ.

ನಡುವೆ ಮಾಡಿದ ಪ್ರಯೋಗಗಳು ಕೆಲವಿವೆ. ಮಾತ್ರೆಗಳನ್ನು ಒಂದೊಂದು ಲೋಟ ವಿನೆಗರ್‌ನಲ್ಲಿ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಬುಸಬುಸ ನೊರೆಯಾಗಿ ಕರಗಿತು. ಅದನ್ನೇ ಬರೀ ನೀರಿನಲ್ಲಿ ಹಾಕಿದಾಗ ಬಳಪದ ಪುಡಿಯ ಹಾಗೆ ತಳದಲ್ಲಿ ಕೂತಿತು. ಆಮ್ಲವಿಲ್ಲದ ನಮ್ಮ ಚಿಕ್ಕ ಹೊಟ್ಟೆಗೆ ಸಿಟ್ರೇಟ್ ಯಾಕೆ ಅನ್ನುವುದು ಆ ಎರಡು ಲೋಟ ನೋಡಿದ ಮೇಲೆ ನನಗೆ ಮನದಟ್ಟಾಯಿತು. ಹೊಳೆಯುವ ಲೇಪನವಿದ್ದ, ಎಲ್ಲಕ್ಕಿಂತ ದುಬಾರಿಯ ಕಬ್ಬಿಣದ ಮಾತ್ರೆ ಮಾತ್ರ ವಿನೆಗರ್‌ನಲ್ಲೂ ಹಾಕಿದ ಹಾಗೇ ಇತ್ತು. ಕರುಳಿನಲ್ಲಿ ಕರಗಲೆಂದೇ ಮಾಡಿದ ಲೇಪನ ಅದು. ಕರಗುವ ಹೊತ್ತಿಗೆ ಹತ್ತುವ ಜಾಗ ದಾಟಿ ಹೋಗಿರುತ್ತದೆ. ಡಬ್ಬಿಯಲ್ಲಿ ಅರ್ಧ ಉಳಿದಿತ್ತು, ಎಸೆದೆ. ಈಗ ನುಂಗುವುದು ಎಲ್ಲಕ್ಕಿಂತ ಅಗ್ಗದ, ಲೇಪನವಿಲ್ಲದ ಮಾತ್ರೆ.

ದಿನ ಬಿಟ್ಟು ದಿನ ಕಬ್ಬಿಣ ಕೊಟ್ಟರೆ ಒಂದೊಂದು ಮಾತ್ರೆಯಿಂದ ಹೆಚ್ಚು ಪಾಲು ಹತ್ತುತ್ತದೆ ಎಂದು 2017ರಲ್ಲಿ ಒಂದು ಅಧ್ಯಯನ ಪ್ರಕಟವಾಗಿತ್ತು. ಒಂದು ಮಾತ್ರೆ ಹೋದ ಮೇಲೆ, ಕಬ್ಬಿಣ ಹತ್ತುವುದನ್ನು ತಡೆಯುವ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ, ಒಂದು ದಿನ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತದಂತೆ. ಆದರೆ ಅದು ಸರ್ಜರಿ ಆಗದ ಯುವತಿಯರ ಮೇಲೆ ಮಾಡಿದ್ದು. ಡಾಕ್ಟರ್ ಒಪ್ಪಿಗೆ ಪಡೆದು ಮೂರು ತಿಂಗಳು ಮಾಡಿದೆ. ಹೊಟ್ಟೆಗೆ ಹಾಯೆನಿಸಿತು, ಆದರೆ ಅಂಕಿ ಇದ್ದಲ್ಲೇ ಇತ್ತು. ಮತ್ತೆ ದಿನಾ ಶುರು ಮಾಡಿ, 60 ದಾಟಿದ ಮೇಲೆ ಈಗ ದಿನ ಬಿಟ್ಟು ದಿನಕ್ಕೆ ಬಂದಿದ್ದೇನೆ. ಏರಿಸಲು ದಿನಾ, ಉಳಿಸಿಕೊಳ್ಳಲು ದಿನ ಬಿಟ್ಟು ದಿನ. ನನ್ನ ಮೈಗೆ ಹೊಂದಿದ ಲೆಕ್ಕ ಅದು.

ಕೂದಲಿನ ವಿಷಯಕ್ಕೆ ಸುರಿದ ಹಣ ನೆನೆದರೆ ಈಗಲೂ ಸಂಕಟವಾಗುತ್ತದೆ. ನಾಲ್ಕನೆಯ ತಿಂಗಳಲ್ಲಿ ಬಾಚಣಿಗೆ ತುಂಬ ಬಂದಾಗ ದಿನಕ್ಕೆ 10 ಮಿ.ಗ್ರಾಂ. ಬಯೋಟಿನ್, ಅದರ ಮೇಲೆ 50 ಮಿ.ಗ್ರಾಂ. ಸತು. ಹತ್ತನೆಯ ತಿಂಗಳಿಗೆ ಕೂದಲು ತನ್ನಷ್ಟಕ್ಕೆ ನಿಂತಿತು, ಹೇಗೂ ನಿಲ್ಲುತ್ತಿತ್ತು. ಆದರೆ ನಿಲ್ಲಿಸಿದರೆ ಮತ್ತೆ ಉದುರೀತೆಂಬ ಭಯಕ್ಕೆ ಎರಡನ್ನೂ ಬಿಡಲಿಲ್ಲ. ಬಯೋಟಿನ್ನಿಂದಾಗಿ ಥೈರಾಯ್ಡ್ ರಿಪೋರ್ಟ್ ಏರುಪೇರು ತೋರಿಸಿ, ಇಲ್ಲದ ಕಾಯಿಲೆಗೆ ಔಷಧಿ ಶುರುವಾಗುವುದರಲ್ಲಿತ್ತು. ಒಂದು ವಾರ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿಸಿದರೆ ಎಲ್ಲ ಸರಿ. ಸತು ಅತಿಯಾಗಿ ತಾಮ್ರ ಕುಸಿಯಿತು, ಬಿಳಿ ರಕ್ತಕಣವೂ ಇಳಿದವು. ಒಂದು ಮಿ.ಗ್ರಾಂ. ತಾಮ್ರಕ್ಕೆ 8ರಿಂದ 15 ಮಿ.ಗ್ರಾಂ. ಸತು, ಅದಕ್ಕಿಂತ ಹೆಚ್ಚಾಗಬಾರದು ಎಂದು ಆಮೇಲೆ ಕಲಿತೆ. ಈಗ ತಾಮ್ರ 2, ಸತು 20ರ ಹತ್ತಿರ, ಎರಡೂ ಮಲ್ಟಿಯಲ್ಲೇ ಇದೆ.

ಮುಂದಿನ ತಿಂಗಳು ಬಿ12 ಮತ್ತು ತಾಮ್ರದ ಪರೀಕ್ಷೆ ಬಾಕಿ ಇದೆ. ಚೀಟಿಯಲ್ಲಿ ತಾಮ್ರ ಇರಲಿಲ್ಲ, ಕೇಳಿ ಬರೆಸಿಕೊಂಡು ಬಂದಿದ್ದೇನೆ. ಫ್ರಿಜ್‌ನ ಐಸ್ ಟ್ರೇಯಲ್ಲಿ ಎಂದೋ ಹಾಕಿದ ಐಸ್ ಹಾಗೇ ಇದೆ.